ಕಾಣದ ಮಿಕ್ಸರಿನ ದಲಾಲಿ

ಏಳು ಮಿಕ್ಸರ್‌ಗಳ ಬಗ್ಗೆ ನಾನು ನನ್ನದೊಂದು ವೆಬ್‌ತಾಣದಲ್ಲಿ ಇಂಗ್ಲಿಷಿನಲ್ಲಿ ವಿಮರ್ಶೆ ಬರೆದಿದ್ದೇನೆ. ಯಾವುದರ ಜಾರು ಗಟ್ಟಿ, ಯಾವುದರ ಸದ್ದು ಕಮ್ಮಿ, ಯಾವುದರಲ್ಲಿ ದೋಸೆಹಿಟ್ಟು ನುಣ್ಣಗಾಗುತ್ತದೆ ಎಂದು ಐದಕ್ಕೆ ನಾಲ್ಕೂವರೆ, ಮೂರೂಮುಕ್ಕಾಲು ಎಂದೆಲ್ಲ ನಕ್ಷತ್ರ ಹಂಚಿದ್ದೇನೆ. ಆ ಏಳರಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ಕೂತು, ಬೇರೆಯವರು ಬರೆದದ್ದನ್ನು ಓದಿ, ಮಾತು ತಿರುಗಿಸಿ ಬರೆದೆ. ಅವರಾದರೂ ಕಂಡಿದ್ದರೋ ಇಲ್ಲವೋ. ಎತ್ತು ಈಯಿತು ಎಂದು ಒಬ್ಬ ಅಂದರೆ ಕೊಟ್ಟಿಗೆಗೆ ಕಟ್ಟು ಎಂದು ಇನ್ನೊಬ್ಬ ಬರೆಯುವ ಲೋಕ ಅದು. ಹನ್ನೊಂದು ತಿಂಗಳಲ್ಲಿ ಬಂದ ಕಮಿಷನ್ನು ತಾಣದ ಹೆಸರಿಗೆ, ಸರ್ವರ್ ಬಾಡಿಗೆಗೆ ಕಟ್ಟಿದ ದುಡ್ಡಿನ ಹತ್ತಿರಕ್ಕೂ ಬರಲಿಲ್ಲ.

ಬಲ್ಲವರನ್ನು ಕೇಳಿದೆ. ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಪದ, ತಪ್ಪಿದೆ ಎಂದರು. ಪುಟ ನಿಧಾನ ತೆರೆಯುತ್ತದೆ ಎಂದರು. ಬ್ಯಾಕ್‌ಲಿಂಕ್, ಅಂದರೆ ಬೇರೆ ತಾಣಗಳಿಂದ ನಿನ್ನದಕ್ಕೆ ಬರುವ ಕೊಂಡಿ, ಸಾಲದು, ಒಂದಿಷ್ಟು ಕೊಂಡುಕೋ ಎಂದರು. ಒಬ್ಬರಾದರೂ, ಏನಪ್ಪಾ, ಆ ಮಿಕ್ಸರ್ ನೋಡಿದ್ದೀಯಾ ಎಂದು ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ದಾವಣಗೆರೆಯಲ್ಲಿ, ಹರಿಹರದಲ್ಲಿ, ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗಲೊಲ್ಲದ ಹುಡುಗ ಹುಡುಗಿಯರ ನಡುವೆ ಓಡಾಡುವ ನಂಬಿಕೆ ಇದು: ಬಂಡವಾಳ ಬೇಡ, ಸರಕು ಬೇಡ, ಅಂಗಡಿ ಬಾಡಿಗೆ ಬೇಡ. ಪೈಪೋಟಿ ಕಡಿಮೆ ಇರುವ ಒಂದು ‘ನೀಶ್’ ಹುಡುಕು, ಅಂಗಡಿಯಂತೆ ಕಾಣುವ ವೆಬ್‌ಸೈಟ್ ಕಟ್ಟು, ಅಮೆಜಾನ್ ಕೊಂಡಿ ಹಾಕು, ಗೂಗಲ್‌ಗೆ ಒಪ್ಪುವಂತೆ ತಿದ್ದು, ಮಲಗು; ಬೆಳಗಾಗುವಷ್ಟರಲ್ಲಿ ದುಡ್ಡು. ಸರಕಿನ ಜ್ಞಾನ ಬೇಕೇ ಎಂದು ಕೇಳಿದರೆ ಅದು ಬೇಡವೆಂಬುದೇ ಈ ದಂಧೆಯ ಹೆಚ್ಚುಗಾರಿಕೆ ಎನ್ನುತ್ತಾರೆ. ನಾನು ಹೇಳುವುದು ಇಷ್ಟೇ, ಈ ವ್ಯವಹಾರಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ, ದಲಾಲಿ. ಅದರ ಬಂಡವಾಳವೇ ಸರಕಿನ ಜ್ಞಾನ.

ವ್ಯವಹಾರದ ಎಲುಬು ಸರಳ. ನಿಮ್ಮ ಪುಟದ ಕೊಂಡಿ ಒತ್ತಿ ಗಿರಾಕಿ ದೊಡ್ಡ ಅಂಗಡಿಗೆ ಹೋಗುತ್ತಾನೆ, ಕೊಂಡರೆ ನಿಮಗೆ ಇಷ್ಟು ಪರ್ಸೆಂಟು. ಅಮೆಜಾನ್ ಇದನ್ನು 1996ರಲ್ಲಿ ಪುಸ್ತಕ ಮಾರುವ ಕಾಲದಲ್ಲೇ ಶುರುಮಾಡಿತು. ಅದರ ಭಾರತದ ಅಂಗಡಿ ತೆರೆದದ್ದು 2013ರಲ್ಲಿ. ಕೊಂಡಿ ಒತ್ತಿದವನು 24 ಗಂಟೆಯೊಳಗೆ ಸಾಮಾನನ್ನು ಬುಟ್ಟಿಗೆ ಹಾಕಬೇಕು, ನಾಳಿದ್ದು ನೆನಪಾಗಿ ಕೊಂಡರೆ ನಿಮಗೇನೂ ಇಲ್ಲ. ಹೊಸದಾಗಿ ಸೇರಿದವರು 180 ದಿನದಲ್ಲಿ ಮೂರು ಮಾರಾಟ ತೋರಿಸದಿದ್ದರೆ ಖಾತೆ ಮುಚ್ಚುತ್ತದೆ. ನೆಂಟರಿಂದಲೇ ಆ ಮೂರನ್ನು ಕೊಳ್ಳಿಸುವ ಉಪಾಯವೂ ಚಾಲ್ತಿಯಲ್ಲಿದೆ. ಅದು ನಿಯಮಕ್ಕೆ ವಿರುದ್ಧ.

ದಲಾಲಿ ಎಂದಾಕ್ಷಣ ಮೂಗು ಮುರಿಯುವವರಿದ್ದಾರೆ, ನಾನು ಅವರ ಗುಂಪಿನವನಲ್ಲ. ದಾವಣಗೆರೆ ಬೆಳೆದದ್ದರಲ್ಲಿ ಹತ್ತಿ ಗಿರಣಿಗಳ ಪಾಲು ಎಷ್ಟಿದೆಯೋ ಮಂಡಿಪೇಟೆಯ ಪಾಲೂ ಅಷ್ಟಿದೆ. ಗಿರಣಿಗಳು ಮುಚ್ಚಿದವು, ಎಪಿಎಂಸಿ ಯಾರ್ಡು ಇವತ್ತಿಗೂ ಮೆಕ್ಕೆಜೋಳದ ಹಂಗಾಮಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬುತ್ತದೆ. ಅಲ್ಲಿ ದಲಾಲಿ ಅಂಗಡಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ರಾಶಿಯೊಳಗೆ ಮೊಣಕೈ ಮಟ್ಟ ಕೈ ತೂರಿಸಿ ತಳದ ಕಾಳು ಎತ್ತುತ್ತಾರೆ, ಒಂದನ್ನು ಹಲ್ಲಿಗೆ ಕೊಟ್ಟು ಕಚ್ಚುತ್ತಾರೆ. ಕಟಕ್ ಎಂದರೆ ಒಣಗಿದೆ, ಮೆತ್ತಗೆ ಒತ್ತಿದರೆ ತೇವವಿದೆ. ತೇವ ಅಳೆಯುವ ಯಂತ್ರ ಆಮೇಲೆ ಹೇಳುವುದನ್ನು ಹಲ್ಲು ಮೊದಲೇ ಹೇಳಿರುತ್ತದೆ. ದಲಾಲಿಯ ನಂಬಿಕೆ ಹುಟ್ಟುವುದು ಇಲ್ಲಿ. ಹಾಗೆಂದು ಅವರನ್ನು ದೇವರಾಗಿಸಬೇಕಿಲ್ಲ; ಬಿತ್ತನೆ ಕಾಲದ ಕೈಸಾಲ ಕೊಟ್ಟು ಸುಗ್ಗಿಯಲ್ಲಿ ರೈತನ ಕೈ ಕಟ್ಟುವುದನ್ನು, ಖರೀದಿದಾರ ಕೊಡಬೇಕಾದ ಕಮಿಷನ್ನನ್ನು ರೈತನ ಪಟ್ಟಿಯಲ್ಲೇ ಮುರಿಯುವ ದೂರನ್ನು ಕೇಳುತ್ತಲೇ ಬೆಳೆದಿದ್ದೇವೆ. ಆದರೆ ಮಾಲು ಕೆಟ್ಟದ್ದಾದರೆ ಮರುದಿನ ಬೆಳಗ್ಗೆ ಅದೇ ಗದ್ದಿಗೆಯ ಮೇಲೆ ಅದೇ ಮನುಷ್ಯ ಸಿಗುತ್ತಾನೆ. ಅವನ ಅಂಗಿ ಹಿಡಿಯಬಹುದು. ನನ್ನ ಮಿಕ್ಸರ್ ತಾಣದಲ್ಲಿ ಹಿಡಿಯಲು ಅಂಗಿಯೇ ಇರಲಿಲ್ಲ. ‘ನಮ್ಮ ಪರಿಣತರ ತಂಡ’ ಎಂದು ಬರೆದಿದ್ದೆ. ತಂಡ ಎಂದರೆ ನಾನು ಮತ್ತು ಒಂದು ಹಳೇ ಲ್ಯಾಪ್‌ಟಾಪು.

ಈಗ ‘ಗೂಗಲ್‌ಗೆ ಒಪ್ಪುವಂತೆ ತಿದ್ದು’ ಎಂಬ ಮಾತಿಗೆ ಬರೋಣ. ಕೋರ್ಸು ನಡೆಸಿ ಈ ದಂಧೆ ಕಲಿಸುವವರು ಹೇಳಿಕೊಡುವ ಉಪಾಯಗಳಿಗೆ ಎಷ್ಟು ಆಯಸ್ಸಿತ್ತು ನೋಡಿ. ತಾಣದ ಹೆಸರಲ್ಲೇ ಹುಡುಕು ಪದ ತುಂಬಿಸಿದರೆ ಮೇಲೆ ಬರುತ್ತೀರಿ ಎನ್ನುತ್ತಿದ್ದರು. 2012ರ ಸೆಪ್ಟೆಂಬರಿನಲ್ಲಿ ಗೂಗಲ್ ಆ ಲಾಭವನ್ನು ಕಿತ್ತುಕೊಂಡಿತು. ಕೊಂಡಿಗಳನ್ನು ಕೊಳ್ಳಿ ಎಂದರು, ಅದಕ್ಕೆ ಅದೇ ವರ್ಷದ ಏಪ್ರಿಲ್‌ನಲ್ಲೇ ‘ಪೆಂಗ್ವಿನ್’ ಎಂಬ ಗೂಗಲ್ ಬದಲಾವಣೆ ಬಂದಿತ್ತು. ಕದ್ದು ತಿರುಗಿಸಿ ಬರೆದ ಸವಕಲು ಪುಟಗಳಿಗೆ ಅದಕ್ಕೂ ಮೊದಲೇ, 2011ರಲ್ಲಿ, ‘ಪಾಂಡಾ’. ಸಾಮಾನನ್ನು ಬಳಸಿ ನೋಡಿದ ಗುರುತಿರುವ ವಿಮರ್ಶೆಗೆ ಮಣೆ ಎಂದು 2021ರಲ್ಲಿ ಗೂಗಲ್ ಹೇಳಿತು. 2022ರ ಕೊನೆಗೆ ತನ್ನ ಗುಣಮಟ್ಟದ ಸೂತ್ರಕ್ಕೆ ‘ಅನುಭವ’ ಎಂಬ ಪದವನ್ನೇ ಸೇರಿಸಿಕೊಂಡಿತು. 2023ರ ಸೆಪ್ಟೆಂಬರಿನ ಬದಲಾವಣೆಯಲ್ಲಿ ಜಗತ್ತಿನ ಎಷ್ಟೋ ಸಣ್ಣ ತಾಣಗಳು ರಾತ್ರೋರಾತ್ರಿ ಓದುಗರನ್ನು ಕಳೆದುಕೊಂಡವು, ಅವುಗಳಲ್ಲಿ ಪ್ರಾಮಾಣಿಕವಾದವೂ ಇದ್ದವು ಎನ್ನುವುದನ್ನು ಮುಚ್ಚಿಡಬಾರದು. 2024ರ ಮಾರ್ಚಿನಲ್ಲಿ, ಯಂತ್ರದಿಂದಾಗಲಿ ಮನುಷ್ಯರಿಂದಾಗಲಿ ರಾಶಿರಾಶಿಯಾಗಿ ಬರೆಸಿ ಗುಡ್ಡೆಹಾಕಿದ ಪುಟಗಳನ್ನು ಕಸವೆಂದು ಘೋಷಿಸಿತು. ಅದೇ ವರ್ಷ ಆಗಸ್ಟಿನಿಂದ ಭಾರತದಲ್ಲೂ ಹುಡುಕಿದವರಿಗೆ ಪುಟದ ನೆತ್ತಿಯಲ್ಲೇ ಕೃತಕ ಬುದ್ಧಿಯ ಉತ್ತರ ಸಿಗತೊಡಗಿತು. ಮಿಕ್ಸರಿಗೆ ಎಷ್ಟು ವ್ಯಾಟ್ ಬೇಕು ಎಂಬ ಪ್ರಶ್ನೆಗೆ ನನ್ನ ಪುಟಕ್ಕೆ ಬರುವ ದರ್ದು ಯಾರಿಗೂ ಉಳಿಯಲಿಲ್ಲ.

ಇಷ್ಟೆಲ್ಲ ಬಿದ್ದು ಎದ್ದರೂ ಪಾಠ ಮಾತ್ರ ಬದಲಾಗಿಲ್ಲ, ಉಪಾಯದ ಹೆಸರು ಬದಲಾಗಿದೆ.

ಹರಿಹರದವರಿಗೆ ಈ ಕಥೆಯ ಇನ್ನೊಂದು ಮಗ್ಗುಲು ಯಾರೂ ಕಲಿಸಿಕೊಡಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಮಾಡಲು ಶುರುಮಾಡಿತು. ಯಂತ್ರಪುರ ಎಂಬ ಬಡಾವಣೆಯೇ ಎದ್ದಿತು. ಅದರ ಸುತ್ತ ನಟ್ಟು ತಿರುಗಿಸುವ, ಗೇರು ಕಡಿಯುವ, ಎರಕ ಹೊಯ್ಯುವ ಸಣ್ಣ ಶೆಡ್ಡುಗಳು ಎದ್ದವು. ಅವುಗಳಲ್ಲಿ ಎಷ್ಟೋ ಶೆಡ್ಡುಗಳಿಗೆ ಇದ್ದದ್ದು ಒಂದೇ ಗಿರಾಕಿ, ಒಂದೇ ಗೇಟು. ಈ ಶತಮಾನ ಶುರುವಾಗುವ ಹೊತ್ತಿಗೆ ಆ ಗೇಟು ಮುಚ್ಚಿದಾಗ ಶೆಡ್ಡಿನವರ ಕೈಯಲ್ಲಿ ತಪ್ಪಿರಲಿಲ್ಲ, ಕೆಲಸವೂ ಉಳಿಯಲಿಲ್ಲ. ಕಮಿಷನ್ ತಾಣಕ್ಕೆ ಎರಡು ಗೇಟು: ಜನ ಬರುವುದು ಗೂಗಲ್ ಗೇಟಿನಿಂದ, ದುಡ್ಡು ಬರುವುದು ಅಮೆಜಾನ್ ಗೇಟಿನಿಂದ. ಎರಡರ ಬೀಗವೂ ನಿಮ್ಮ ಬಳಿ ಇಲ್ಲ. 2020ರ ಏಪ್ರಿಲ್‌ನಲ್ಲಿ, ಜಗತ್ತೇ ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಕೊಳ್ಳುತ್ತಿದ್ದಾಗ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣ ಮುಂತಾದವುಗಳ ಕಮಿಷನ್ನನ್ನು 8 ಪರ್ಸೆಂಟಿನಿಂದ 3ಕ್ಕೆ ಇಳಿಸಿತು. ದಲಾಲರನ್ನು ಅದು ಕೇಳಲಿಲ್ಲ, ಕೇಳಬೇಕಾದ ಕರಾರೂ ಇಲ್ಲ.

ಆದರೆ ಅದೇ ಹರಿಹರ ನನಗೆ ನೀಶ್ ಎಂಬ ಪದದ ಅರ್ಥವನ್ನೂ ಹೇಳಿಕೊಟ್ಟಿತು. ನೀಶ್ ಎಂದರೆ ಮೂಲದಲ್ಲಿ ಗೋಡೆಯಲ್ಲಿ ಕೊರೆದ ಗೂಡು, ನಮ್ಮ ಹಳೇ ಮನೆಗಳಲ್ಲಿ ದೀಪ ಇಡುತ್ತಿದ್ದರಲ್ಲ, ಅದು. ಕೋರ್ಸಿನವರು ಖಾಲಿ ಗೂಡು ಹುಡುಕಲು ಕಲಿಸುತ್ತಾರೆ, ದೀಪದ ಸುದ್ದಿ ಎತ್ತುವುದಿಲ್ಲ. ಹರಿಹರದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತ ಟರ್ನರ್‌ಗಳು ಇನ್ನೂ ಇದ್ದಾರೆ. ಸಾವಿರ ರೂಪಾಯಿಯ ಡಿಜಿಟಲ್ ವರ್ನಿಯರ್ ಎಷ್ಟು ತಿಂಗಳಿಗೆ ಸುಳ್ಳು ಹೇಳತೊಡಗುತ್ತದೆ, ಮೈಕ್ರೊಮೀಟರ್ ಕೊಳ್ಳುವಾಗ ಯಾವುದನ್ನು ತಿರುಗಿಸಿ ನೋಡಬೇಕು, ಹಳೇ ಕಿರ್ಲೋಸ್ಕರ್ ಲೇತ್‌ನ ಬೆಡ್ ಸವೆದಿದೆಯೋ ಇಲ್ಲವೋ ಎಂದು ಉಗುರಿನಲ್ಲಿ ಮುಟ್ಟಿ ಹೇಳಬಲ್ಲವರು ಅವರು. ಹೊಸದಾಗಿ ಶೆಡ್ಡು ಹಾಕುವ ಐಟಿಐ ಹುಡುಗನಿಗೆ ಕನ್ನಡದಲ್ಲಿ ಇದನ್ನು ಹೇಳುವ ಪುಟಕ್ಕೆ ಕೀವರ್ಡ್ ಯಂತ್ರದಲ್ಲಿ ಅಂಕೆ ಕಾಣಿಸದೇ ಇರಬಹುದು. ಗಿರಾಕಿ ಇದ್ದಾನೆ. ಚನ್ನಗಿರಿ ಕಡೆಯ ಅಡಿಕೆ ತೋಟದವನಿಗೆ ಬ್ಯಾಟರಿ ಸಿಂಪರಣೆ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ವಿಷಯದಲ್ಲೂ ಇದೇ ಮಾತು. ದೋಸೆ ಕಾವಲಿ? ಬೆಣ್ಣೆದೋಸೆಯ ಊರಿನವರು ಎರಕದ ಕಾವಲಿಯನ್ನು ಪಳಗಿಸುವುದು ಹೇಗೆ, ಅದು ಇಂಡಕ್ಷನ್ ಒಲೆಯ ಮೇಲೆ ಯಾಕೆ ನಡುವೆ ಮಾತ್ರ ಕಾಯುತ್ತದೆ ಎಂದು ಹೇಳದೆ, ಯಾವತ್ತೂ ದೋಸೆ ಹುಯ್ಯದವರು ಬರೆದ ‘ಹತ್ತು ಅತ್ಯುತ್ತಮ ಕಾವಲಿ’ಗಳನ್ನು ಓದಿ ಕೊಳ್ಳುತ್ತಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಬರೆದರೆ ಮಾರುಕಟ್ಟೆಯಿಲ್ಲ ಎನ್ನುತ್ತಾರೆ. 2020ರ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರಿನಲ್ಲಿ ಅಮೆಜಾನ್ ತಮ್ಮ ಅಂಗಡಿಯನ್ನೇ ಕನ್ನಡಕ್ಕೆ ತಂದವು, ಅವಕ್ಕೇನು ಕನ್ನಡಾಭಿಮಾನವೇ? ಲೆಕ್ಕ ಹಾಕಿಯೇ ಬಂದಿರುತ್ತಾರೆ. ಇಂಗ್ಲಿಷಿನ ಮಿಕ್ಸರ್ ಪುಟದಲ್ಲಿ ನನ್ನೆದುರು ನಿಂತಿದ್ದದ್ದು ದೊಡ್ಡ ಪತ್ರಿಕೆಗಳ ತಾಣಗಳು. ಅಲ್ಲಿ ನಾನು ಗೆಲ್ಲುವ ಮಾತೇ ಇರಲಿಲ್ಲ. ಹಾಗೆಂದು ಕನ್ನಡ ಎಂದರೆ ಸಲೀಸು ಅಂತಲೂ ಅಲ್ಲ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ, ಬಾಯಲ್ಲಿ ಹೇಳಿ ಹುಡುಕುತ್ತಾರೆ, ಓದುವುದಕ್ಕಿಂತ ವಿಡಿಯೋ ನೋಡುತ್ತಾರೆ.

ಇನ್ನು ಲೆಕ್ಕ. ಊಹೆಯ ಲೆಕ್ಕವೇ, ಆದರೆ ಯಾವ ಕೋರ್ಸಿನಲ್ಲೂ ಹಾಕಿ ತೋರಿಸದ ಲೆಕ್ಕ. 1,500 ರೂಪಾಯಿಯ ಸಾಮಾನು, ಉದಾರವಾಗಿ 5 ಪರ್ಸೆಂಟು ಕಮಿಷನ್ ಎಂದುಕೊಳ್ಳಿ, ಒಂದಕ್ಕೆ 75 ರೂಪಾಯಿ. ತಿಂಗಳಿಗೆ 15,000 ಬೇಕೆಂದರೆ 200 ಮಾರಾಟ. ಕೊಂಡಿ ಒತ್ತಿದ ನೂರು ಜನರಲ್ಲಿ ಇಬ್ಬರು ಕೊಂಡರೆ 10,000 ಜನ ಕೊಂಡಿ ಒತ್ತಬೇಕು. ಓದುವ ಐವರಲ್ಲಿ ಒಬ್ಬ ಒತ್ತಿದರೂ 50,000 ಓದುಗರು ಬೇಕು, ಪ್ರತಿ ತಿಂಗಳೂ. ಸರ್ವರ್ ಬಾಡಿಗೆ, ಆದಾಯ ತೆರಿಗೆ ಇದರ ಮೇಲೆ. ಎರಡು ದಾರಿ ನನಗೆ ಕಾಣುತ್ತವೆ. ಒಂದೋ ಬೇರೆ ಉದ್ಯೋಗ ಇಟ್ಟುಕೊಂಡು ಇದನ್ನು ಮೇಲುಸಂಪಾದನೆ ಎಂದು ನೋಡುವುದು. ಇಲ್ಲವೇ ಆ ಪುಟ ತರುವ ನಂಬಿಕೆಯನ್ನು ಸ್ವಂತ ಕಸುಬಿಗೆ ತಿರುಗಿಸುವುದು: ಲೇತ್ ರಿಪೇರಿ, ಸ್ಪೇರು, ಸಲಹೆ. ಎರಡನೆಯದರಲ್ಲಿ ಕಮಿಷನ್ನು ಚಹಾಪುಡಿ ಖರ್ಚು, ಅಸಲು ಗಳಿಕೆ ಬೇರೆ ಕಡೆ. ನಿದ್ದೆಯಲ್ಲಿ ದುಡ್ಡು ಎಂಬುದು ಎರಡರಲ್ಲೂ ಇಲ್ಲ.

ಕಾನೂನಿನ ಮಾತು ಯಾರೂ ಎತ್ತುವುದಿಲ್ಲ, ಹಾಗಾಗಿ ನಾನೇ ಎತ್ತುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ, ಸಾಮಾನನ್ನು ಶಿಫಾರಸು ಮಾಡುವವನಿಗೂ ಸೇರಿಸಿ, 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ, ಆನ್‌ಲೈನಿನಲ್ಲಿ ಶಿಫಾರಸು ಮಾಡುವವರು ದುಡ್ಡಿನ ಸಂಬಂಧ ಇದ್ದರೆ ಕಾಣುವಂತೆ, ಶಿಫಾರಸಿನ ಭಾಷೆಯಲ್ಲೇ ಹೇಳಬೇಕು, ಆ ಸಾಮಾನನ್ನು ತಾವು ಬಳಸಿರಬೇಕು ಎನ್ನುತ್ತದೆ. ನನ್ನ ಏಳು ಮಿಕ್ಸರುಗಳು ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತವೆ ಎಂದು ನಾನೇ ಬಿಡಿಸಿ ಹೇಳಬೇಕಿಲ್ಲ. ‘ಈ ಕೊಂಡಿಯಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂದು ಪುಟದ ಮೇಲ್ಗಡೆಯೇ ಕನ್ನಡದಲ್ಲಿ ಬರೆದರೆ ಗಿರಾಕಿ ಓಡಿಹೋಗುತ್ತಾನೆಂಬ ಭಯ ಸುಳ್ಳು. ಯಾರ್ಡಿನಲ್ಲಿ ದಲಾಲಿ ತಾನು ದಲಾಲಿ ಎಂದು ಬೋರ್ಡು ಹಾಕಿಯೇ ಕೂತಿರುತ್ತಾನೆ.

ತಾಣ ತಿದ್ದುವ ಕೆಲಸ ಬೇಡವೇ ಬೇಡ ಎನ್ನುತ್ತಿಲ್ಲ. ಅಗ್ಗದ ಫೋನಿನಲ್ಲೂ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು, ಅದಕ್ಕೆ ಚಿತ್ರಗಳ ತೂಕ ಇಳಿಸಿ. ತಲೆಬರಹ ಗಿರಾಕಿ ಕೇಳುವ ಮಾತಿನಲ್ಲೇ ಇರಲಿ. ಕಮಿಷನ್ ಕೊಂಡಿಗಳಿಗೆ ‘ಸ್ಪಾನ್ಸರ್ಡ್’ ಎಂಬ ಗುರುತು ಹಾಕಿ, ಗೂಗಲ್ 2019ರಿಂದ ಆ ಗುರುತನ್ನು ಕೊಟ್ಟಿದೆ. ಚಿತ್ರ ನಿಮ್ಮದೇ ಆಗಿರಲಿ, ನಿಮ್ಮ ಕೈ, ನಿಮ್ಮ ಮೇಜು ಕಾಣಲಿ. ಒಂದು ವಾರದ ಕೆಲಸ ಇದು. ಆರು ತಿಂಗಳ ಕೋರ್ಸಿಗೆ ಇದರಲ್ಲಿ ಸರಕಿಲ್ಲ.

ಕೋರ್ಸಿಗೆ ಸರಕು ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲ ದಿನವೇ ‘ಇದೇ ಹೋಸ್ಟಿಂಗ್ ಕೊಳ್ಳಿ’ ಎಂದು ಒಂದು ಕೊಂಡಿ ಕೊಡುತ್ತಾರೆ. ನಾನೂ ಕೊಂಡೆ. ಅದು ಕಲಿಸುವವರ ಕಮಿಷನ್ ಕೊಂಡಿ ಎಂದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹೋಸ್ಟಿಂಗ್ ಕಂಪನಿಗಳು ಕೊಡುವ ಕಮಿಷನ್ನು ಮಿಕ್ಸರಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ತರಗತಿಯಲ್ಲಿ ಕೂತಿದ್ದ ನಾವೇ ಅವರ ನೀಶ್. ಹಾಗಾಗಿ ಫೀಜು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ನಿಮ್ಮ ಗಳಿಕೆಯಲ್ಲಿ ನಿಮ್ಮ ಅಂಗಡಿ ತಾಣದಿಂದ ಬರುವುದೆಷ್ಟು, ನಮ್ಮಂಥವರಿಂದ ಬರುವುದೆಷ್ಟು? ಉತ್ತರಕ್ಕೆ ತಡವರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ.