ಗರಿಕೆಗೇ ನನ್ನ ಓಟು

ಮುಂಗಾರು ಶುರುವಾದರೆ ಸಾಕು, ಬೆಂಗಳೂರಿನ ನರ್ಸರಿಗಳ ಮುಂದೆ ಹುಲ್ಲಿನ ಶೀಟುಗಳ ರಾಶಿ ಬಂದು ಬೀಳುತ್ತದೆ. ಚದರಡಿ ಲೆಕ್ಕದ ವ್ಯಾಪಾರ. ಬಂದವರ ಕೈ ಮೊದಲು ಹೋಗುವುದು ‘ಮೆಕ್ಸಿಕನ್’ ಹುಲ್ಲಿನ ಮೇಲೆ. ಸೂಜಿಯಂಥ ಎಲೆ, ಒತ್ತೊತ್ತಾದ ಕಡುಹಸಿರು, ಯಾರಿಗಾದರೂ ಆಸೆಯಾಗಬೇಕು. ಜಾತಿಯಲ್ಲಿ ಇದು ಜೋಯ್ಸಿಯಾ. ನಿಧಾನ ಬೆಳೆಯುತ್ತದೆ, ಹಾಗಾಗಿ ಕತ್ತರಿಸುವ ಕೆಲಸ ಕಡಿಮೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಕತ್ತರಿಸದೇ ಬಿಟ್ಟರೆ ದಿಬ್ಬ ದಿಬ್ಬವಾಗಿ ಉಬ್ಬುತ್ತದೆ. ನಡುವೆ ಎಲ್ಲಾದರೂ ಸತ್ತು ಬೋಳಾಯಿತೋ, ಆ ಜಾಗ ಮುಚ್ಚಲು ತಿಂಗಳುಗಟ್ಟಲೆ ಕಾಯಬೇಕು. ನೋಡಿ ಸಂತೋಷಪಡುವುದಕ್ಕಾದರೆ ಸರಿ, ಮಕ್ಕಳು ಕ್ರಿಕೆಟ್ ಆಡುವ ಅಂಗಳಕ್ಕೆ ಬೇಡ.

ಆರು ತಾಸು ನೇರ ಬಿಸಿಲು ಬೀಳುವ ಜಾಗವಿದ್ದರೆ ಊರ ಗರಿಕೆಯನ್ನೇ ಹಾಕಿ. ಗಣಪತಿಗೆ ಏರಿಸುವ ಅದೇ ಗರಿಕೆ. ಇದು ಮಣ್ಣಿನ ಮೇಲೂ ಹಬ್ಬುತ್ತದೆ, ಮಣ್ಣಿನೊಳಗೂ ಕಾಂಡ ಹರಿಸುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಮೇಲಿನ ಎಲೆಯೆಲ್ಲ ಒಣಗಿ ಹುಲ್ಲು ಸತ್ತೇಹೋಯಿತು ಅನ್ನಿಸಿದರೂ ಒಳಗಿನ ಕಾಂಡಕ್ಕೆ ಜೀವ ಇರುತ್ತದೆ. ಎರಡು ಮಳೆ ಬಿದ್ದರೆ ಗಿಣ್ಣು ಗಿಣ್ಣಿನಿಂದ ಚಿಗುರು. ತುಳಿದರೂ ಬೇಗ ಚೇತರಿಸಿಕೊಳ್ಳುತ್ತದೆ. ಗರಿಕೆಯಲ್ಲೇ ನಯವಾದ ಎಲೆಯ ತಳಿಗಳೂ ಇವೆ, ಕ್ರಿಕೆಟ್ ಮೈದಾನಗಳಲ್ಲಿ ಬೆಳೆಸುವಂಥವು. ಆದರೆ ಅವು ಗೊಬ್ಬರ, ಕತ್ತರಿ ಎರಡನ್ನೂ ಬಿಡದೆ ಕೇಳುತ್ತವೆ. ಸೋಮಾರಿಗಳಿಗೆ ನಾಟಿ ಗರಿಕೆಯೇ ವಾಸಿ.

ಶೀಟೇ ಬೇಕೆಂದೂ ಇಲ್ಲ. ಬೇರಿರುವ ತುಂಡುಗಳನ್ನು ನಾಲ್ಕು ನಾಲ್ಕು ಇಂಚಿಗೊಂದರಂತೆ ಹದ ಮಾಡಿದ ಮಣ್ಣಿಗೆ ಊರಿ, ಅಂಗೈಯಿಂದ ಗಟ್ಟಿಯಾಗಿ ಅದುಮಿದರಾಯಿತು. ಜೂನ್, ಜುಲೈನಲ್ಲಿ ಮಾಡಿದರೆ ಅರ್ಧ ಕೆಲಸ ಮಳೆಯದ್ದೇ. ಗರಿಕೆಯ ದುರ್ಗುಣ ಒಂದಿದೆ: ಹದ್ದು ಮೀರುವುದು. ಪಕ್ಕದ ಗುಲಾಬಿ ಪಾತಿಗೆ ನುಗ್ಗಿದರೆ ಕಿತ್ತು ಮುಗಿಸಲಾಗದು. ಅಂಚಿನಲ್ಲಿ ಅರ್ಧ ಅಡಿ ಆಳಕ್ಕೆ ಕಡಪ ಕಲ್ಲು ಹೂತುಬಿಡಿ. ಆಮೇಲೂ ಆಗಾಗ ಒಂದು ಕಣ್ಣಿಟ್ಟಿರಬೇಕು.

ನೀರಿನ ಲೆಕ್ಕ ಹುಲ್ಲು ಹಾಕುವ ಮೊದಲೇ ಆಗಬೇಕು. ನೂರು ಚದರಡಿ ಹುಲ್ಲಿಗೆ ಒಂದು ಇಂಚು ನೀರು ಎಂದರೆ ಸುಮಾರು 230 ಲೀಟರ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರಿಗೆ ಸುರಿದರೆ 5,000 ರೂಪಾಯಿ ದಂಡ ಎಂದಿತ್ತು. ಅಂಥ ಬೇಸಿಗೆ ಮತ್ತೆ ಬಾರದು ಎಂದು ನಂಬುವ ಧೈರ್ಯ ನನಗಿಲ್ಲ. ಬೇರೂರಿದ ಮೇಲೆ ದಿನಾ ಚಿಮುಕಿಸುವ ಅಭ್ಯಾಸ ಬಿಡಿ. ನಾಲ್ಕೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕುಡಿಸಿದರೆ ಬೇರೂ ಆಳಕ್ಕೆ ಇಳಿಯುತ್ತದೆ.

ನೆರಳಿನ ಮಾತು ಬೇರೆ. ಮಾವಿನ ಮರದಡಿ ಗರಿಕೆ ಬಡಕಲಾಗಿ ಕೊನೆಗೆ ಮಾಯವಾಗುತ್ತದೆ. ಅಲ್ಲಿಗೆ ನಮ್ಮ ನರ್ಸರಿಗಳಲ್ಲಿ ‘ಬಫೆಲೋ’ ಎಂದು ಸಿಗುವ ಅಗಲ ಎಲೆಯ ಹುಲ್ಲು ಹೊಂದುತ್ತದೆ. ನಯನಾಜೂಕಿನವರಿಗೆ ಹಿಡಿಸಲಿಕ್ಕಿಲ್ಲ, ನೀರೂ ತುಸು ಹೆಚ್ಚು ಬೇಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅದು ಸಮಸ್ಯೆಯೇ ಅಲ್ಲ. ಎರಡು ಕಾಂಪೌಂಡುಗಳ ನಡುವಿನ ಬಿಸಿಲು ಕಾಣದ ಓಣಿಗೆ ಮಾತ್ರ ಯಾವ ಹುಲ್ಲೂ ಬೇಡ, ಜಲ್ಲಿ ಹರಡಿ.

ಶೀಟು ಕೊಳ್ಳುವುದೇ ಆದರೆ ಒಂದನ್ನು ಎತ್ತಿ ಮಗುಚಿ ನೋಡಿ. ಬಿಳಿ ಬೇರು ಮಣ್ಣನ್ನು ಹಿಡಿದುಕೊಂಡಿರಬೇಕು. ಪುಡಿಪುಡಿಯಾಗಿ ಉದುರಿದರೆ ಬೇಡ. ಮಣ್ಣಿನಲ್ಲಿ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗೆಡ್ಡೆಗಳು ದಾರದಂಥ ಬೇರಿಗೆ ಪೋಣಿಸಿಕೊಂಡಿದ್ದರೆ ಅದು ಕೊನ್ನಾರಿ. ಅನುಮಾನವಿದ್ದರೆ ಹೂವಿನ ದಂಟನ್ನು ಬೆರಳ ನಡುವೆ ಹೊಸೆಯಿರಿ, ಮೂರು ಏಣು ಕೈಗೆ ಹತ್ತುತ್ತವೆ. ಒಮ್ಮೆ ಹೊಕ್ಕರೆ ಕಿತ್ತಷ್ಟೂ ಗೆಡ್ಡೆ ಒಳಗುಳಿದು ಮತ್ತೆ ಏಳುವ ಪೀಡೆ ಅದು. ನರ್ಸರಿಯವರು ಎಷ್ಟೇ ಚೌಕಾಸಿಗೆ ಬಗ್ಗಿದರೂ ಆ ರಾಶಿಯಿಂದ ಒಂದು ಶೀಟೂ ತರಬೇಡಿ.