ಒಬ್ಬ ಪ್ರತಿನಾಯಿಕೆಯ ಹಲವು ಪೂರ್ವಕಥೆಗಳು

ಕೆಡುಕನ್ನು ಮಾಡುವ ಪಾತ್ರಕ್ಕೆ ಕಥೆಗಾರನು ಕಾರಣವನ್ನು ಒದಗಿಸಬೇಕೆ, ಬೇಡವೆ ಎಂಬುದು ವಿಮರ್ಶೆಯ ಹಳೆಯ ಪ್ರಶ್ನೆಗಳಲ್ಲೊಂದು. ಕಾರಣವನ್ನು ಒದಗಿಸಿದರೆ ಪಾತ್ರವು ಓದುಗನ ಅನುಕಂಪಕ್ಕೆ ಹತ್ತಿರವಾಗುತ್ತದೆ. ಆದರೆ ಅದರ ಕೃತ್ಯವು ಅದರದಾಗಿ ಉಳಿಯದೆ ಕಾರಣದ ಪಾಲಾಗುತ್ತದೆ. ಒದಗಿಸದಿದ್ದರೆ ಪಾತ್ರವು ಸ್ವತಂತ್ರವಾಗಿ ನಿಲ್ಲುತ್ತದೆ. ಆದರೆ ಜೀವವಿಲ್ಲದ ಬೊಂಬೆಯಾಗಿಬಿಡುವ ಅಪಾಯವುಂಟು. ಈ ಪ್ರಶ್ನೆಯನ್ನು ಮಹಾಕಾವ್ಯಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ವಾಡಿಕೆ. ಆದರೆ ಅಮೆರಿಕದ ಚಿತ್ರಕಥಾಪುಸ್ತಕಗಳಂತಹ ಜನಪ್ರಿಯ ವಾಙ್ಮಯದಲ್ಲಿ ಇದು ಮತ್ತಷ್ಟು ಸ್ಫುಟವಾಗಿ ಕಾಣಬರುತ್ತದೆ. ಅಲ್ಲಿ ಪಾತ್ರದ ಒಡೆತನವು ಪ್ರಕಾಶನಸಂಸ್ಥೆಯದು. ಬರೆಯುವವರು ಬರುತ್ತಾರೆ, ಹೋಗುತ್ತಾರೆ. ಪಾತ್ರಕ್ಕೆ ಮಾತ್ರ ಮುಪ್ಪಿಲ್ಲ. ಪ್ರತಿಯೊಂದು ಪೀಳಿಗೆಯೂ ಹಳೆಯ ಪಾತ್ರಕ್ಕೆ ಹೊಸ ಬಾಲ್ಯವನ್ನೂ ಹೊಸ ಗಾಯವನ್ನೂ ಕಲ್ಪಿಸುತ್ತ ಹೋಗುತ್ತದೆ. ಬ್ಯಾಟ್‌ಮನ್ ಕಥಾವಳಿಯ ‘ಕ್ಯಾಟ್‌ವುಮನ್’ ಎಂಬ ಕಳ್ಳಿಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಈ ಕಥೆಗಳ ಪರಿಚಯವಿಲ್ಲದ ವಾಚಕರಿಗೆ ಒಂದೆರಡು ಮಾತು ಅವಶ್ಯ. ಗೋಥಮ್ ಎಂಬ ಕಲ್ಪಿತ ನಗರದಲ್ಲಿ ಬ್ರೂಸ್ ವೇಯ್ನ್ ಎಂಬ ಶ್ರೀಮಂತನು ಬಾವಲಿಯ ವೇಷವನ್ನು ಧರಿಸಿ ರಾತ್ರಿಯಲ್ಲಿ ದುಷ್ಟರನ್ನು ಹಿಡಿಯುತ್ತಾನೆ. 1940ನೆಯ ವರ್ಷದ ವಸಂತದಲ್ಲಿ ಈತನ ಹೆಸರಿನ ಪತ್ರಿಕೆಯ ಮೊದಲನೆಯ ಸಂಚಿಕೆಯು ಪ್ರಕಟವಾಯಿತು. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬವರ ಆ ಸಂಚಿಕೆಯಲ್ಲಿಯೇ ಇಬ್ಬರು ಎದುರಾಳಿಗಳು ಜನಿಸಿದರು. ಒಬ್ಬನು ಸದಾ ನಗುವ ಕೊಲೆಗಾರನಾದ ಜೋಕರ್. ಇನ್ನೊಬ್ಬಳು ‘ಕ್ಯಾಟ್’, ಎಂದರೆ ಬೆಕ್ಕು, ಎಂಬ ಹೆಸರಿನ ಒಡವೆಗಳ್ಳಿ. ಈ ಅವಳಿ ಜನನವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇಬ್ಬರ ಮುಂದಿನ ಗತಿಯನ್ನು ಹೋಲಿಸಿ ನೋಡಿದಾಗ ಅದರ ಪ್ರಯೋಜನವು ತಿಳಿಯುತ್ತದೆ.

ಮೊದಲನೆಯ ಕಥೆಯಲ್ಲಿ ಆಕೆಗೆ ಮುಖವಾಡವಿಲ್ಲ, ಬೆಕ್ಕಿನ ಉಡುಪಿಲ್ಲ, ಸ್ವಂತ ಹೆಸರೂ ಇಲ್ಲ. ಸಿರಿವಂತರ ವಿಹಾರನೌಕೆಯೊಂದರಲ್ಲಿ ಮುದುಕಿಯ ವೇಷದಿಂದ ಸೇರಿಕೊಂಡು ಪಚ್ಚೆಯ ಕಂಠೀಹಾರವನ್ನು ಅಪಹರಿಸುತ್ತಾಳೆ. ಸಿಕ್ಕಿಬಿದ್ದಾಗ ಅಳುವುದಿಲ್ಲ, ತನ್ನ ಕಷ್ಟವನ್ನು ಹೇಳಿಕೊಳ್ಳುವುದಿಲ್ಲ. ತನ್ನೊಡನೆ ಪಾಲುದಾರನಾಗು ಎಂದು ಬ್ಯಾಟ್‌ಮನ್ನನನ್ನೇ ಕರೆಯುತ್ತಾಳೆ. ಆತನು ಒಪ್ಪುವುದಿಲ್ಲ, ಆದರೆ ಆಕೆಯು ದೋಣಿಯಿಂದ ನೀರಿಗೆ ಹಾರಿದಾಗ ಬೆನ್ನಟ್ಟಬಂದ ತನ್ನ ಶಿಷ್ಯನಿಗೆ ತಾನೇ ಅಡ್ಡವಾಗಿ ಆಕೆ ತಪ್ಪಿಸಿಕೊಳ್ಳುವಂತೆ ಮಾಡುತ್ತಾನೆ. ಕದಿಯುವುದೇಕೆಂದು ಆಕೆಯನ್ನು ಯಾರೂ ಕೇಳುವುದಿಲ್ಲ. ಒಡವೆ ಬೇಕಾಗಿತ್ತು, ಕೈಚಳಕವಿತ್ತು, ಅಷ್ಟೆ. ಕಥೆಯು ಒರಟಾದುದು, ಸಂಭಾಷಣೆಯು ತೆಳುವಾದುದು. ಆದರೂ ಆ ಹೆಂಗಸಿನಲ್ಲಿ ಒಂದು ನಿರ್ಲಜ್ಜವಾದ ಸ್ವಾತಂತ್ರ್ಯವುಂಟು. ಧರ್ಮಿಷ್ಠನಾದ ನಾಯಕನ ಕೈಯು ಆಕೆಯ ವಿಷಯದಲ್ಲಿ ಮೊದಲ ದಿನವೇ ಸಡಿಲವಾಯಿತೆಂಬುದರಲ್ಲಿಯೇ ಮುಂದಿನ ಎಂಟು ದಶಕಗಳ ರಸಬೀಜವಿದೆ.

ಹತ್ತು ವರ್ಷಗಳೊಳಗೆ ವೇಷಭೂಷಣಗಳು ಬಂದುವು. ಮೊದಲು ರೋಮದಿಂದ ಕೂಡಿದ ಬೆಕ್ಕಿನ ತಲೆಯ ಮುಖವಾಡ. ಅನಂತರ ನೇರಿಳೆ ಬಣ್ಣದ ನಿಲುವಂಗಿ, ಹಸಿರು ಮೇಲುಹೊದಿಕೆ, ಕೈಯಲ್ಲಿ ಚಾವಟಿ. 1950ರ ಕೊನೆಯಲ್ಲಿ ಹೊರಬಂದ 62ನೆಯ ಸಂಚಿಕೆಯಲ್ಲಿ ಮೊದಲ ಬಾರಿಗೆ ಹೆಸರೂ ಪೂರ್ವಕಥೆಯೂ ದೊರಕಿದುವು. ಆಕೆಯ ಹೆಸರು ಸೆಲೀನಾ ಕೈಲ್; ವಿಮಾನದಲ್ಲಿ ಪರಿಚಾರಿಕೆಯಾಗಿದ್ದವಳು; ಅಪಘಾತವೊಂದರಲ್ಲಿ ಸ್ಮೃತಿಯನ್ನು ಕಳೆದುಕೊಂಡು ಕಳ್ಳತನಕ್ಕಿಳಿದಳು. ಬ್ಯಾಟ್‌ಮನ್ನನ ಪ್ರಾಣವನ್ನು ಉಳಿಸುವಾಗ ತಲೆಗೆ ಪೆಟ್ಟು ಬಿದ್ದು ನೆನಪು ಮರಳುತ್ತದೆ, ಒಡನೆಯೇ ಸಾಧ್ವಿಯಾಗುತ್ತಾಳೆ. ತಂದೆಯು ಸಾಕುಪ್ರಾಣಿಗಳ ಅಂಗಡಿಯನ್ನಿಟ್ಟಿದ್ದನೆಂಬುದರಿಂದ ಬೆಕ್ಕಿನ ಒಲವಿಗೂ ಕಾರಣವು ಸಿಕ್ಕಿತು. ಹೀಗೆ ಒಂದು ಇಡೀ ದಶಕದ ಸಾಹಸಗಳು ವ್ಯಾಧಿಯ ಲಕ್ಷಣಗಳಾಗಿ ಮಾರ್ಪಟ್ಟುವು. ಕದ್ದವಳು ಆಕೆಯಲ್ಲ, ಆಕೆಯ ಮರೆವು! ಇದು ಕ್ಷಮೆಯಂತೆ ತೋರುತ್ತದೆ. ವಿಚಾರಮಾಡಿದರೆ ಇದು ಅಪಹರಣವೇ ಸರಿ. ಆ ಪಾತ್ರದ ಬಳಿಯಿದ್ದ ಒಂದೇ ಒಂದು ಸ್ವತ್ತನ್ನು, ಎಂದರೆ ಆಕೆಯ ಇಚ್ಛೆಯನ್ನು, ಕಥೆಗಾರರು ಕಸಿದುಕೊಂಡರು.

ಈ ಸುಧಾರಣೆಯೂ ಬಹುಕಾಲ ನಿಲ್ಲಲಿಲ್ಲ. 1954ರ ಆರಂಭದಲ್ಲಿ ವೃತ್ತಪತ್ರಿಕೆಯೊಂದರ ಅಪಹಾಸ್ಯಕ್ಕೆ ಕೆರಳಿ ಆಕೆ ಮತ್ತೆ ಹಳೆಯ ದಾರಿಯನ್ನು ಹಿಡಿಯುತ್ತಾಳೆ. ಆದರೆ ಅದೇ ವರ್ಷ ಹೊರಗಿನ ಲೋಕದಲ್ಲಿ ಬಿರುಗಾಳಿಯೆದ್ದಿತು. ಫ್ರೆಡರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಂದು ಗ್ರಂಥವನ್ನೇ ಬರೆದರು. ಚಾವಟಿ ಹಿಡಿದ ಈ ಹೆಂಗಸನ್ನು ಅದರಲ್ಲಿ ಉದಾಹರಿಸಿದರು. ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ವಿಚಾರಣೆಯನ್ನು ನಡೆಸಿತು. ಪ್ರಕಾಶಕರು ಬೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ಅಪರಾಧಿಯ ಮೇಲೆ ಓದುಗನಿಗೆ ಅನುಕಂಪವು ಹುಟ್ಟಕೂಡದೆಂಬುದು ಅದರ ವಿಧಿಗಳಲ್ಲೊಂದು. ಇಂತಹ ವಿಧಿಯ ಕೆಳಗೆ ಜೋಕರನು ಹೇಗೋ ಬದುಕಿಕೊಂಡನು. ಆತನನ್ನು ವಿದೂಷಕನನ್ನಾಗಿ ಮಾಡಿದರೆ ಸಾಕಾಗಿತ್ತು. ನಾಯಕನ ಮನಸ್ಸನ್ನೇ ಕದಲಿಸುವವಳಿಗೆ ಮಾತ್ರ ಎಡೆಯಿರಲಿಲ್ಲ. 1954ರಿಂದ 1966ರ ವರೆಗೆ, ಹನ್ನೆರಡು ವರ್ಷ, ಆಕೆಯು ಪುಟಗಳಿಂದ ಕಣ್ಮರೆಯಾದಳು. ಒಂದು ಪಾತ್ರದ ಶಕ್ತಿಯನ್ನು ಅಳೆಯಲು ಅದರ ನಿಷೇಧವೂ ಒಂದು ಮಾನದಂಡವಾಗಬಲ್ಲದು.

ಮರಳಿ ಬಂದುದು ದೂರದರ್ಶನದ ಮಾರ್ಗವಾಗಿ. 1966ರ ಹಾಸ್ಯಪ್ರಧಾನವಾದ ಧಾರಾವಾಹಿಯಲ್ಲಿ ಜೂಲಿ ನ್ಯೂಮರ್ ಎಂಬಾಕೆಯು ಮಿರುಗುವ ಕಪ್ಪು ಉಡುಪಿನಲ್ಲಿ ಈ ಪಾತ್ರವನ್ನು ಅಭಿನಯಿಸಿದಳು. ಅದೇ ವರ್ಷದ ಚಲಚ್ಚಿತ್ರದಲ್ಲಿ ಲೀ ಮೆರಿವೆದರ್ ಕಾಣಿಸಿಕೊಂಡಳು. 1967ರಲ್ಲಿ ನೀಗ್ರೋ ಜನಾಂಗದವಳೆಂದು ಆಗ ಕರೆಯಲ್ಪಡುತ್ತಿದ್ದ ಗಾಯಕಿ ಅರ್ಥಾ ಕಿಟ್ ಆ ಸ್ಥಾನಕ್ಕೆ ಬಂದಳು. ನ್ಯೂಮರಳ ಅಭಿನಯದಲ್ಲಿ ಪೂರ್ವಕಥೆಯ ಭಾರವಿಲ್ಲ. ಆಕೆ ಕದಿಯುವುದು ಕದಿಯುವ ಸಂತೋಷಕ್ಕಾಗಿ. ನಾಯಕನನ್ನು ಕೆಣಕುವುದು ಕೆಣಕುವ ಸಂತೋಷಕ್ಕಾಗಿ. ನಗೆಯ ಮರೆಯಲ್ಲಿ 1940ರ ಕಳ್ಳಿಯು ಪುನಃ ಜೀವಂತಳಾದಳೆನ್ನಬಹುದು. ಕಿಟ್ಟಳ ಪಾತ್ರದಲ್ಲಿ ಪ್ರೇಮಪ್ರಸಂಗಗಳು ಬಹುಮಟ್ಟಿಗೆ ಮರೆಯಾದುವು. ವರ್ಣಭೇದದ ವಿಷಯದಲ್ಲಿ ಆ ಕಾಲದ ಅಳುಕನ್ನು ಇದರಲ್ಲಿ ಕಾಣದಿರುವುದು ಕಷ್ಟ. ಆದರೆ ಆಕೆಯ ಗುರುಗುಟ್ಟುವ ಕಂಠದ ತೀಕ್ಷ್ಣತೆಯು ಆ ಕೊರತೆಯನ್ನು ತುಂಬಿಕೊಟ್ಟಿತು.

ಮುಂದಿನ ಘಟ್ಟದಲ್ಲಿ ಪಾತ್ರಕ್ಕೆ ಎರಡು ವಿಭಿನ್ನ ಗತಿಗಳು ಒದಗಿದುವು. 1977ರ ಕಥೆಯೊಂದರಲ್ಲಿ ಆಕೆ ಬ್ಯಾಟ್‌ಮನ್ನನನ್ನು ವರಿಸಿ ಗೃಹಿಣಿಯಾಗಿ, ಹೆಣ್ಣು ಮಗುವಿನ ತಾಯಿಯಾಗಿ, ಹಳೆಯ ಅನುಚರನೊಬ್ಬನ ಬೆದರಿಕೆಗೆ ಸಿಕ್ಕಿ ಸಾಯುತ್ತಾಳೆ. ಮಗಳು ಸಾಹಸದ ದೀಕ್ಷೆಯನ್ನು ತೊಡಲು ಈ ಮರಣವೇ ನೆಪ. ಪೂರ್ವಾಪರಾಧವನ್ನು ಮಾಂಗಲ್ಯವು ತೊಳೆಯಿತು. ಮರಣವು ಉಳಿದುದನ್ನು ತೊಳೆಯಿತು. ಇದಕ್ಕಿಂತ ಎಷ್ಟೋ ಮೇಲಾದುದು 1983ರಲ್ಲಿ ಆಲನ್ ಬ್ರೆನರ್ಟ್ ರಚಿಸಿದ ಕಥೆ. ಅದರಲ್ಲಿ ಸೆಲೀನಾ ಆ ವಿಮಾನಾಪಘಾತವೂ ಮರೆವೂ ತಾನೇ ಕಟ್ಟಿದ ಸುಳ್ಳೆಂದು ಒಪ್ಪಿಕೊಳ್ಳುತ್ತಾಳೆ. ಆಕೆಗೆ ಹೊಡೆಯುವ ಗಂಡನಿದ್ದನು. ಅವನನ್ನು ಬಿಟ್ಟುಬಂದ ಮೇಲೆ ಅವನ ಭದ್ರಕೋಣೆಯಿಂದ ತನ್ನ ಒಡವೆಗಳನ್ನೇ ತಾನು ಕದ್ದಳು. ಕದಿಯುವಾಗ ಅದರ ರುಚಿಯು ಹತ್ತಿತು. ಇಲ್ಲಿಯೂ ಕಾರಣವುಂಟು, ಆದರೆ ಅದು ಕೃತ್ಯವನ್ನು ನುಂಗುವುದಿಲ್ಲ. ಗಂಡನ ಕ್ರೌರ್ಯವು ಬಾಗಿಲನ್ನು ತೆರೆಯಿತು. ಒಳಗೆ ಕಾಲಿಟ್ಟವಳು ಆಕೆಯೇ. ಮೂವತ್ತು ವರ್ಷಗಳ ಹಿಂದೆ ಕಥೆಗಾರರು ಹೇರಿದ ಕ್ಷಮಾಪತ್ರವನ್ನು ಪಾತ್ರವೇ ಹರಿದೆಸೆಯುವ ಈ ಸಂದರ್ಭವು ಚಿತ್ರಕಥೆಗಳಲ್ಲಿ ಅಪರೂಪವಾದ ಸೂಕ್ಷ್ಮತೆಯಿಂದ ಕೂಡಿದೆ.

1987ರಲ್ಲಿ ಫ್ರಾಂಕ್ ಮಿಲ್ಲರ್ ಮತ್ತು ಡೇವಿಡ್ ಮಜ್ಜುಕೆಲ್ಲಿ ಬ್ಯಾಟ್‌ಮನ್ನನ ಮೊದಲ ವರ್ಷದ ಕಥೆಯನ್ನು ಹೊಸದಾಗಿ ರಚಿಸಿದಾಗ ಸೆಲೀನಾ ಬಡವರ ಬೀದಿಯ ವೇಶ್ಯೆಯಾದಳು. ಆ ಕೃತಿಯ ನಗರಚಿತ್ರಣವು ಶ್ರೇಷ್ಠವಾದುದೆಂಬುದರಲ್ಲಿ ಸಂದೇಹವಿಲ್ಲ. ಬಡತನವನ್ನು ಮರೆಮಾಚದೆ ತೋರಿಸಿದುದೂ ಹೌದು. ಆದರೆ ಬಾವಲಿಯ ವೇಷವನ್ನು ನೋಡಿದ ಮೇಲೆಯೇ ಬೆಕ್ಕಿನ ವೇಷವು ಆಕೆಗೆ ಹೊಳೆಯುತ್ತದೆಂಬ ಸಂವಿಧಾನದಲ್ಲಿ ಆಕೆಯು ನಾಯಕನ ನೆರಳಾಗುತ್ತಾಳೆ. ಮುಂದಿನ ವರ್ಷ, ಎಂದರೆ 1988ರಲ್ಲಿ, ಆಲನ್ ಮೂರ್ ಬರೆದ ಪ್ರಸಿದ್ಧ ಕಥೆಯಲ್ಲಿ ಜೋಕರನಿಗೂ ಒಂದು ಕರುಣಾಜನಕವಾದ ಪೂರ್ವಕಥೆಯು ಬಂದಿತು. ಆದರೆ ಅದು ತನಗೆ ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಬೇರೊಂದು ಬಗೆಯಾಗಿ ನೆನಪಾಗುವುದೆಂದು ಅವನೇ ಹೇಳುತ್ತಾನೆ. ಅವಳಿಗಳ ಭಾಗ್ಯಭೇದವು ಇಲ್ಲಿ ನಿಚ್ಚಳವಾಗಿದೆ. ಕೊಲೆಗಾರನಾದ ಗಂಡಸಿಗೆ ತನ್ನ ಪೂರ್ವವನ್ನು ನಿರಾಕರಿಸುವ ವೈಭವವು ದೊರಕಿತು. ಒಡವೆ ಕದ್ದ ಹೆಂಗಸಿಗೆ ಪ್ರತಿಯೊಂದು ಪೀಳಿಗೆಯ ಮುಂದೆಯೂ ಸಾಕ್ಷ್ಯವನ್ನು ಹೇಳುವ ಪಾಡು.

1992ರಲ್ಲಿ ಟಿಮ್ ಬರ್ಟನ್ ನಿರ್ದೇಶಿಸಿದ ಚಲಚ್ಚಿತ್ರದಲ್ಲಿ ಮಿಷೆಲ್ ಫೈಫರ್ ಅಭಿನಯಿಸಿದ ಸೆಲೀನಾ ಒಬ್ಬ ಅಂಜುಬುರುಕ ಕಾರ್ಯದರ್ಶಿನಿ. ಯಜಮಾನನ ಗುಟ್ಟನ್ನು ತಿಳಿದುದಕ್ಕಾಗಿ ಎತ್ತರದ ಕಿಟಕಿಯಿಂದ ಆತನಿಂದಲೇ ತಳ್ಳಲ್ಪಟ್ಟು, ಬೀದಿಯ ಬೆಕ್ಕುಗಳ ನಡುವೆ ಮರುಜೀವವನ್ನು ಪಡೆದು, ಕಪ್ಪು ಬಟ್ಟೆಯ ತುಂಡುಗಳನ್ನು ತಾನೇ ಹೊಲಿದು ಉಡುಪನ್ನು ಮಾಡಿಕೊಳ್ಳುತ್ತಾಳೆ. ಆ ಎದ್ದುಕಾಣುವ ಹೊಲಿಗೆಗಳೇ ಆ ಚಿತ್ರದ ಪ್ರತಿಮೆ. ಕೊನೆಯಲ್ಲಿ ನಾಯಕನು ತನ್ನ ಮುಖವಾಡವನ್ನು ಹರಿದು, ತನ್ನ ಮನೆಗೆ ಬಾರೆಂದು ಕರೆಯುತ್ತಾನೆ, ಆಕೆ ಒಲ್ಲೆನೆನ್ನುತ್ತಾಳೆ. ಅನ್ಯಾಯದ ಕಾರಣವು ಪ್ರಬಲವಾಗಿದ್ದರೂ ನಿರ್ಣಯವು ಆಕೆಯದೇ ಆಗಿರುವುದರಿಂದ ಈ ರೂಪವು ಉಳಿದ ಅನೇಕ ರೂಪಗಳಿಗಿಂತ ಉನ್ನತವಾಗಿದೆ. 2004ರಲ್ಲಿ ಹ್ಯಾಲಿ ಬೆರ್ರಿ ನಟಿಸಿದ ಚಿತ್ರವು ಇದೇ ಮರಣ ಮತ್ತು ಪುನರ್ಜನ್ಮದ ಹಂದರವನ್ನು ಎರವಲು ಪಡೆದು, ಹೆಸರನ್ನೂ ಬದಲಿಸಿ, ಹುರುಳನ್ನು ಕಳೆದುಕೊಂಡಿತು; ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

1993ರಲ್ಲಿ ಆಕೆಯ ಹೆಸರಿನಲ್ಲಿಯೇ ಮಾಸಿಕವು ಆರಂಭವಾಯಿತು. ಮೊದಲ ವರ್ಷಗಳಲ್ಲಿ ಜಿಮ್ ಬ್ಯಾಲೆಂಟ್ ಬರೆದ ಚಿತ್ರಗಳು ಅಂಗಸೌಷ್ಠವವನ್ನು ಔಚಿತ್ಯದ ಎಲ್ಲೆಯನ್ನು ಮೀರಿ ಹಿಗ್ಗಿಸಿದುವು. ಮಾಡನ್ನು ಹತ್ತುವವಳಿಗೆ ಅದು ಹೊರೆಯೇ ಹೊರತು ಅಲಂಕಾರವಲ್ಲ. 2001ರಿಂದ ಮುಂದಕ್ಕೆ ಎಡ್ ಬ್ರೂಬೇಕರ್ ಮತ್ತು ಡಾರ್ವಿನ್ ಕುಕ್ ಈ ಪಾತ್ರವನ್ನು ಕೈಗೆತ್ತಿಕೊಂಡಾಗ ಉಡುಪು ಸರಳವಾಯಿತು. ಕಣ್ಣಿಗೆ ದೊಡ್ಡ ರಕ್ಷಣಾಕನ್ನಡಕ, ಕಾಲಿಗೆ ಗಟ್ಟಿ ಬೂಟುಗಳು. ಕೆಲಸಮಾಡುವವಳ ಬಟ್ಟೆಯೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ಅದಕ್ಕಿಂತ ಮಹತ್ವದ್ದು ಕಥೆಯ ದಿಕ್ಕು. ಆಕೆ ಏಕೆ ಹೀಗಾದಳೆಂಬ ಪ್ರಶ್ನೆಯನ್ನು ಈ ಲೇಖಕರು ಬದಿಗಿರಿಸಿ, ಇನ್ನು ಮುಂದೆ ಏನು ಮಾಡುತ್ತಾಳೆಂದು ಕೇಳಿದರು. ಗೋಥಮಿನ ಪೂರ್ವಭಾಗದ ಬಡ ಬೀದಿಗಳಲ್ಲಿ ಪೋಲೀಸರೂ ವೀರರೂ ಗಮನಿಸದ ವೇಶ್ಯೆಯರಿಗೂ ದಿಕ್ಕಿಲ್ಲದವರಿಗೂ ಆಕೆ ಆಸರೆಯಾಗುತ್ತಾಳೆ. ಆದರೆ ಕಳ್ಳತನವನ್ನು ಪೂರ್ತಿಯಾಗಿ ತೊರೆಯುವುದಿಲ್ಲ, ಪಶ್ಚಾತ್ತಾಪದ ಭಾಷಣವನ್ನೂ ಮಾಡುವುದಿಲ್ಲ. ಕಾನೂನಿನ ಹೊರಗೆ ನಿಂತವಳಿಗೂ ಕರ್ತವ್ಯವಿರಬಹುದೆಂಬ ಈ ದರ್ಶನದಿಂದ ಪಾತ್ರವು ಪ್ರೌಢಾವಸ್ಥೆಗೆ ಬಂದಿತೆನ್ನಬೇಕು.

ಈಚಿನ ರೂಪಗಳಲ್ಲಿ ಏರಿಳಿತಗಳು ಸಮವಾಗಿವೆ. 2012ರ ಚಲಚ್ಚಿತ್ರದಲ್ಲಿ ಆನ್ ಹ್ಯಾಥವೇ ಹಳೆಯ ಚತುರ ಕಳ್ಳಿಯನ್ನು ಮರಳಿ ತಂದಳು. 2015ರಲ್ಲಿ ಜೆನೆವೀವ್ ವ್ಯಾಲೆಂಟೈನ್ ಎಂಬ ಲೇಖಕಿಯು ಆಕೆಯನ್ನು ಪಾತಕಿಗಳ ಕುಟುಂಬವೊಂದರ ಒಡತಿಯಾಗಿ ಚಿತ್ರಿಸಿ, ಆಕೆಯ ಒಲವು ಸ್ತ್ರೀಯರ ಕಡೆಗೂ ಹರಿಯುವುದೆಂಬುದನ್ನು ಸಂಕೋಚವಿಲ್ಲದೆ ಬರೆದಳು. 2018ರಲ್ಲಿ ಟಾಮ್ ಕಿಂಗ್ ಬರೆದ 50ನೆಯ ಸಂಚಿಕೆಯಲ್ಲಿ ಬಹುಪ್ರಚಾರಿತವಾದ ವಿವಾಹವು ಮುರಿದುಬಿದ್ದಿತು. ಸುಖಿಯಾದರೆ ಬ್ಯಾಟ್‌ಮನ್ನನು ವೀರನಾಗಿ ಉಳಿಯಲಾರನೆಂದು ಭಾವಿಸಿ ಆಕೆಯೇ ಬಾರದೆಹೋದಳು. ಮೇಲ್ನೋಟಕ್ಕೆ ಇದು ಆಕೆಯ ನಿರ್ಣಯ. ಒಳಹೊಕ್ಕು ನೋಡಿದರೆ ಆ ನಿರ್ಣಯದ ತುಂಬ ಆತನ ಹಿತವೇ ಇದೆ. 2022ರ ಚಿತ್ರದಲ್ಲಿ ಜೋಯಿ ಕ್ರಾವಿಟ್ಜ್ ನಟಿಸಿದ ಸೆಲೀನಾಳಿಗೆ ಪಾತಕಿಗಳ ದೊರೆಯಾದ ತಂದೆಯ ಮೇಲಿನ ಹಗೆಯು ಕಾರಣವಾಗಿ ದೊರಕಿದೆ.

ಮರೆವು, ಗಂಡ, ಬಡತನ, ಯಜಮಾನ, ತಂದೆ—ಈ ಪಟ್ಟಿಯನ್ನು ಒಂದೆಡೆ ಸೇರಿಸಿ ನೋಡಿದಾಗ ಪಾತ್ರದ ಚರಿತ್ರೆಗಿಂತ ಹೆಚ್ಚಾಗಿ ಬರೆದವರ ಚರಿತ್ರೆಯು ತಿಳಿಯುತ್ತದೆ. ಹೆಣ್ಣೊಬ್ಬಳು ತನ್ನ ಇಚ್ಛೆಯಿಂದ ತಪ್ಪನ್ನು ಮಾಡಬಲ್ಲಳೆಂಬುದನ್ನು ನಂಬಲು ಆಯಾ ಕಾಲವು ಹಿಂಜರಿದು, ತನಗೆ ತಿಳಿದ ವೇದನೆಯೊಂದನ್ನು ಆಕೆಯ ಬೆನ್ನಿಗೆ ಕಟ್ಟಿತು. ಹೀಗೆ ಕಟ್ಟಿದ ವೇದನೆಗಳಲ್ಲಿ ಕೆಲವು ನಿಜವಾದುವು. ಅವುಗಳನ್ನು ಕುರಿತು ಬರೆಯುವುದು ಸಾಹಿತ್ಯದ ಧರ್ಮವೂ ಹೌದು. ಬ್ರೆನರ್ಟನ ಕಥೆಯೇ ಅದಕ್ಕೆ ಪ್ರಮಾಣ. ಆದರೆ ಕಾರಣವು ಪಾತ್ರವನ್ನು ಬೆಳಗಬೇಕಲ್ಲದೆ ಅದರ ಪರವಾಗಿ ವಕಾಲತ್ತನ್ನು ವಹಿಸಬಾರದು. ಈ ಪರೀಕ್ಷೆಯಲ್ಲಿ 1983ರ ಪತ್ನಿ, 1992ರ ಕಾರ್ಯದರ್ಶಿನಿ, 2002ರ ಸುತ್ತಿನ ಬೀದಿಯ ರಕ್ಷಕಿ ಉತ್ತೀರ್ಣರಾಗುತ್ತಾರೆ. 1950ರ ವಿಮಾನಪರಿಚಾರಿಕೆ ಉತ್ತೀರ್ಣಳಾಗುವುದಿಲ್ಲ. ಇವರೆಲ್ಲರ ಹಿಂದೆ, ವಿಹಾರನೌಕೆಯಲ್ಲಿ ಯಾವ ನೆಪವನ್ನೂ ಹೇಳದೆ ನೀರಿಗೆ ಹಾರಿದ ಆ ಹೆಸರಿಲ್ಲದ ಕಳ್ಳಿಯಿದ್ದಾಳೆ. ಮುಂದೆ ಬರೆಯಲಿರುವವರು ಆಕೆಗೆ ಮತ್ತೊಂದು ಬಾಲ್ಯವನ್ನು ಹುಡುಕುವುದರ ಬದಲು ಆಕೆಯ ಆ ಮೊದಲ ಮಾತನ್ನು, ಪಾಲುದಾರನಾಗು ಎಂಬ ಆ ಕರೆಯನ್ನು, ಗಂಭೀರವಾಗಿ ಎಣಿಸಿದರೆ ಪಾತ್ರಕ್ಕೆ ಇನ್ನೂ ಬಹಳ ಆಯುಷ್ಯವುಂಟು.