ಹಳೆಯ ಟ್ಯಾಂಕ್ ಮಾದರಿ: ತಿದ್ದುವುದೆಷ್ಟು, ಹಿಂದಕ್ಕೊಯ್ಯುವುದೆಷ್ಟು?

ಪ್ಲಾಸ್ಟಿಕ್ ಟ್ಯಾಂಕ್ ಮಾದರಿಗಳ ಪೆಟ್ಟಿಗೆಯ ಮೇಲೆ 1/35 ಎಂಬ ಭಿನ್ನರಾಶಿಯನ್ನು ನೀವು ಕಂಡಿರಬಹುದು. ಇದು ಎಲ್ಲಿಂದ ಬಂತು? ದಶಮಾಂಶ ಪದ್ಧತಿಯವರು 1/20 ಅಥವಾ 1/50 ಎನ್ನುತ್ತಿದ್ದರು. ಅಡಿ-ಅಂಗುಲದವರು ನಾಲ್ಕು ಅಡಿಗೆ ಒಂದು ಅಂಗುಲದಂತೆ 1/48, ಆರು ಅಡಿಗೆ ಒಂದು ಅಂಗುಲದಂತೆ 1/72 ಎನ್ನುತ್ತಿದ್ದರು. 1/35 ಈ ಎರಡರಲ್ಲಿ ಯಾವುದಕ್ಕೂ ಸೇರದು.

ಉತ್ತರ ಜಪಾನಿನ ಶಿಜುವೋಕಾ ನಗರದಲ್ಲಿದೆ. 1946ರಲ್ಲಿ ಮರ ಕೊಯ್ಯುವ ಉದ್ಯಮವಾಗಿ ಆರಂಭವಾದ ತಮಿಯಾ ಸಂಸ್ಥೆ ಮೊದಲು ಮರದ ಮಾದರಿಗಳಿಗೂ ಅನಂತರ ಪ್ಲಾಸ್ಟಿಕ್ ಮಾದರಿಗಳಿಗೂ ಹೊರಳಿತು. 1960ರ ದಶಕದ ಆರಂಭದಲ್ಲಿ ಅದು ಮೋಟಾರಿನಿಂದ ಓಡುವ ‘ಪ್ಯಾಂಥರ್’ ಎಂಬ ಜರ್ಮನ್ ಟ್ಯಾಂಕಿನ ಮಾದರಿಯನ್ನು ತಂದಿತು. ಸಂಸ್ಥೆಯನ್ನು ನಡೆಸಿದ ಶುನ್‌ಸಾಕು ತಮಿಯಾ ತಮ್ಮ ನೆನಪಿನ ಪುಸ್ತಕದಲ್ಲಿ ಹೇಳಿರುವಂತೆ, ಆ ಮಾದರಿಯ ಗಾತ್ರವನ್ನು ಎರಡು ಬ್ಯಾಟರಿಗಳು ಒಳಗೆ ಹಿಡಿಸುವಂತೆ ನಿರ್ಧರಿಸಲಾಗಿತ್ತು. ಆಮೇಲೆ ಅಳೆದು ನೋಡಿದಾಗ ಅದು ನಿಜವಾದ ಟ್ಯಾಂಕಿನ ಸುಮಾರು 35ನೇ ಒಂದು ಭಾಗವಿತ್ತು. ಮುಂದಿನ ಟ್ಯಾಂಕುಗಳಿಗೂ ಅದೇ ಪ್ರಮಾಣ ಉಳಿಯಿತು. ಜಗತ್ತಿನ ಇತರ ತಯಾರಕರೂ ಅದನ್ನೇ ಅನುಸರಿಸಿದರು.

ಹೀಗೆ ಬ್ಯಾಟರಿಗಾಗಿ ಹುಟ್ಟಿದ ಹಳೆಯ ಕಿಟ್ಟುಗಳನ್ನು ಹವ್ಯಾಸಿಗಳು ಇಂದಿಗೂ ಎರಡು ಬಗೆಯಲ್ಲಿ ತಿದ್ದುತ್ತಾರೆ. ಒಂದು, ಉನ್ನತೀಕರಣ: ಒರಟಾದ ಭಾಗಗಳನ್ನು ತೆಗೆದು ನಿಖರವಾದವುಗಳನ್ನು ಜೋಡಿಸುವುದು. ಇನ್ನೊಂದು, ಕಾಲದಲ್ಲಿ ಹಿಂದಕ್ಕೊಯ್ಯುವುದು: ಕಿಟ್ಟು ತೋರಿಸುವ ರೂಪವನ್ನು ಅದಕ್ಕಿಂತ ಮೊದಲಿನ ರೂಪಕ್ಕೆ ಬದಲಿಸುವುದು. ಇದಕ್ಕೆ ವಿಜ್ಞಾನ ಪತ್ರಿಕೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಒಂದು ಮಾದರಿಯನ್ನು ‘ಸರಿ’ ಎನ್ನುವುದು ಯಾವ ಆಧಾರದ ಮೇಲೆ ಎಂಬ ಪ್ರಶ್ನೆ ಪ್ರಯೋಗಾಲಯಕ್ಕೂ ತರಗತಿಗೂ ಸೇರಿದ್ದು. ಪ್ಯಾಂಥರನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಎರಡೂ ಕೆಲಸಗಳನ್ನು ವಿಮರ್ಶಿಸೋಣ.

ಅಳತೆಯ ಪರೀಕ್ಷೆ

ಪ್ಯಾಂಥರಿನ ಒಡಲಿನ ಉದ್ದ 6.87 ಮೀಟರ್. ಮಾದರಿಯಲ್ಲಿ ಅದು 196 ಮಿ.ಮೀ. ಆಗಬೇಕು. ಅದರ ಫಿರಂಗಿಯ ನಳಿಕೆ 70 ಕ್ಯಾಲಿಬರ್ ಉದ್ದದ್ದು, ಅಂದರೆ ಒಳವ್ಯಾಸ 75 ಮಿ.ಮೀ.ನ 70 ಪಟ್ಟು, 5250 ಮಿ.ಮೀ. 35ರಿಂದ ಭಾಗಿಸಿದರೆ ಸರಿಯಾಗಿ 150 ಮಿ.ಮೀ. ನಳಿಕೆಯ ಬಾಯಿ 2.1 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಇರುವ ಯಾವ ವಿದ್ಯಾರ್ಥಿಯಾದರೂ ಇವನ್ನು ಪರೀಕ್ಷಿಸಬಹುದು.

ಎಷ್ಟು ತಪ್ಪನ್ನು ಸಹಿಸಬಹುದು? ಇದಕ್ಕೆ ಕಣ್ಣೇ ಒಂದು ಅಳತೆಗೋಲು ಕೊಡುತ್ತದೆ. ಸಾಮಾನ್ಯ ಕಣ್ಣು ಸುಮಾರು ಒಂದು ಕಲೆ, ಅಂದರೆ ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನಾಂತರವನ್ನು ಗುರುತಿಸಬಲ್ಲದು. 30 ಸೆಂ.ಮೀ. ದೂರದಲ್ಲಿ ಇದು 0.09 ಮಿ.ಮೀ. ಆಗುತ್ತದೆ, ನಿಜವಾದ ಟ್ಯಾಂಕಿನಲ್ಲಿ ಸುಮಾರು 3 ಮಿ.ಮೀ. ಇದಕ್ಕಿಂತ ಕಡಿಮೆ ತಪ್ಪನ್ನು ತಿದ್ದಲು ವಾರಗಟ್ಟಲೆ ಕೂರುವುದು ವ್ಯರ್ಥ ಶ್ರಮ. ಇದಕ್ಕಿಂತ ಹತ್ತಿಪ್ಪತ್ತು ಪಟ್ಟು ದೊಡ್ಡ ತಪ್ಪನ್ನು ಬಣ್ಣದಿಂದ ಮುಚ್ಚುವುದು ಸೋಮಾರಿತನ.

ಉದ್ದವೇನೋ 35 ಪಟ್ಟು ಕುಗ್ಗುತ್ತದೆ, ಆದರೆ ಕೋನ ಕುಗ್ಗುವುದಿಲ್ಲ. ಪ್ಯಾಂಥರಿನ ಮುಂಭಾಗದ 80 ಮಿ.ಮೀ. ಕವಚ ಲಂಬದಿಂದ 55 ಡಿಗ್ರಿ ಹಿಂದಕ್ಕೆ ವಾಲಿದೆ. ಅಡ್ಡಲಾಗಿ ಬರುವ ಗುಂಡು ತೂರಬೇಕಾದ ದಪ್ಪ 80ನ್ನು 55 ಡಿಗ್ರಿಯ ಕೊಸೈನಿನಿಂದ ಭಾಗಿಸಿದಷ್ಟು, ಸುಮಾರು 139 ಮಿ.ಮೀ. ಮಾದರಿಯಲ್ಲಿ ಈ ಕೋನ 50 ಡಿಗ್ರಿಯಾದರೆ ಆ ದಪ್ಪ 124 ಮಿ.ಮೀ.ಗೆ ಇಳಿಯುತ್ತದೆ. ವಿನ್ಯಾಸಕನ ಮುಖ್ಯ ವಿಚಾರವೇ ಅಲ್ಲಿ ಕೆಡುತ್ತದೆ. ಆದುದರಿಂದ ಹಳೆಯ ಕಿಟ್ಟನ್ನು ತಿದ್ದಲು ಹೊರಟವರು ಬೋಲ್ಟುಗಳನ್ನು ಎಣಿಸುವ ಮೊದಲು ಕೋನಮಾಪಕವನ್ನು ಕೈಗೆತ್ತಿಕೊಳ್ಳಬೇಕು.

ತಪ್ಪುಗಳಿಗೂ ಕಾರಣವಿದೆ

ಮೋಟಾರು ಹಾಕಲೆಂದು ರೂಪಿಸಿದ ಆ ತಲೆಮಾರಿನ ಕಿಟ್ಟುಗಳ ತಳದಲ್ಲಿ ಸ್ವಿಚ್ಚಿಗೂ ತಂತಿಗೂ ತೂತುಗಳಿರುತ್ತವೆ. ಸರಪಳಿ ಪಟ್ಟಿಯ ಮೇಲೆ ಚಾಚಿದ ಒಡಲಿನ ಕೆಳಬದಿ ಎಷ್ಟೋ ಕಿಟ್ಟುಗಳಲ್ಲಿ ತೆರೆದೇ ಇರುತ್ತದೆ. ಇವು ಅಜ್ಞಾನದ ಗುರುತುಗಳಲ್ಲ. ಓಡಬೇಕಾದ ಆಟಿಕೆಗೆ ಅವು ಬೇಕಿದ್ದವು. ಅಲ್ಲಾಡದೆ ನಿಲ್ಲುವ ಮಾದರಿಗೆ ಬೇಡವಾದಾಗ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಮುಚ್ಚಿದರಾಯಿತು. ಪಾಲಿಸ್ಟೈರೀನಿಗೆ ಬಳಸುವ ದ್ರಾವಕ ಅಂಟು ಎರಡೂ ಅಂಚುಗಳನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ಅದು ಅಂಟಿಸುವುದಕ್ಕಿಂತ ಬೆಸುಗೆಗೆ ಹತ್ತಿರವಾದ ಕ್ರಿಯೆ.

ದಪ್ಪದ ಸಮಸ್ಯೆ ಬೇರೆಯದು. ಬಿಸಿ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದು ಮೂಲೆ ಮುಟ್ಟಬೇಕಾದರೆ ಗೋಡೆ ಸುಮಾರು ಒಂದು ಮಿ.ಮೀ. ದಪ್ಪವಿರಬೇಕು. ಪ್ರಮಾಣದಲ್ಲಿ ಅದು 35 ಮಿ.ಮೀ. ಉಕ್ಕು! ಪ್ಯಾಂಥರಿನ ಪಕ್ಕಕ್ಕೆ ತೂಗುಹಾಕಿದ ಮರೆತಗಡಿನ ನಿಜವಾದ ದಪ್ಪ 5 ಮಿ.ಮೀ.; ಮಾದರಿಯಲ್ಲಿ 0.14 ಮಿ.ಮೀ. ಆಗಬೇಕು. ಇಲ್ಲಿ ಆಮ್ಲದಿಂದ ಕೊರೆದು ತಯಾರಿಸಿದ ತೆಳು ಹಿತ್ತಾಳೆ ತಗಡನ್ನು ಬಳಸುವುದಕ್ಕೆ ಸಮರ್ಥನೆ ಇದೆ.

ಇನ್ನು ಸರಪಳಿ ಪಟ್ಟಿ. ಹಳೆಯ ಕಿಟ್ಟುಗಳಲ್ಲಿ ಇದು ಮೆತ್ತನೆಯ ವಿನೈಲಿನದು, ರಬ್ಬರ್ ಬಳೆಯಂತೆ ಬಿಗಿಯಾಗಿ ನಿಲ್ಲುತ್ತದೆ. ನಿಜವಾದ ಪ್ಯಾಂಥರಿನಲ್ಲಿ ಪಟ್ಟಿಯ ಮೇಲ್ಭಾಗ ದೊಡ್ಡ ಚಕ್ರಗಳ ಮೇಲೆಯೇ ಒರಗಿ, ಮುಂದಿನ ಹಲ್ಲುಚಕ್ರದ ಬಳಿ ಜೋಲುತ್ತದೆ. ಪುಟ್ಟ ಪಟ್ಟಿಗೆ ಜೋಲುವಷ್ಟು ತೂಕವಿಲ್ಲ ಎಂದು ಹಲವರು ವಿವರಿಸುತ್ತಾರೆ. ಈ ವಿವರಣೆ ಪೂರ್ಣವಲ್ಲ. ಸಡಿಲವಾದ ಸರಪಳಿ ತಾಳುವ ಕ್ಯಾಟಿನರಿ ವಕ್ರರೇಖೆಯ ಆಕಾರ ಅದರ ತೂಕವನ್ನು ಅವಲಂಬಿಸಿಲ್ಲ; ಸರಪಳಿಯ ಉದ್ದಕ್ಕೂ ತುದಿಗಳ ನಡುವಿನ ಅಂತರಕ್ಕೂ ಇರುವ ಅನುಪಾತವನ್ನಷ್ಟೇ ಅವಲಂಬಿಸಿದೆ. ಚಿನ್ನದ ಸರವೂ ಲಂಗರಿನ ಸರಪಳಿಯೂ ಒಂದೇ ಆಕಾರದಲ್ಲಿ ಜೋಲುತ್ತವೆ. ವಿನೈಲಿನ ದೋಷವೆಂದರೆ ಅದು ಸರಪಳಿಯೇ ಅಲ್ಲ. ಬಾಗುವಿಕೆಯನ್ನು ವಿರೋಧಿಸುವ ಬಿಗಿತ ಅದಕ್ಕಿದೆ, ಆ ಬಿಗಿತದೆದುರು ಅದರ ತೂಕ ಸೋಲುತ್ತದೆ. ಬಿಡಿ ಕೊಂಡಿಗಳ ಲೋಹದ ಪಟ್ಟಿ ಹಾಕಿದರೆ ಅದು ತಾನಾಗಿ ಸರಿಯಾಗಿ ಜೋಲುತ್ತದೆ. ವಿನೈಲನ್ನು ಬದಲಿಸಲು ರಾಸಾಯನಿಕ ಕಾರಣವೂ ಇದೆ: ಅದನ್ನು ಮೆತ್ತಗಾಗಿಸಲು ಬೆರೆಸಿದ ದ್ರವ್ಯ ವರ್ಷಗಳಲ್ಲಿ ಹೊರಗೆ ಒಸರಿ, ತಾಗಿದ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸಬಹುದು.

ಯಾರೂ ತಿದ್ದದ ರಾಶಿಯೊಂದಿದೆ, ತೂಕ. ಪ್ಯಾಂಥರ್ ಸುಮಾರು 45 ಟನ್. 35ರ ಘನ 42,875. ಭಾಗಿಸಿದರೆ ಮಾದರಿ ಒಂದು ಕಿಲೋಗ್ರಾಮಿಗೆ ತುಸು ಹೆಚ್ಚು ತೂಗಬೇಕು. ಹಾಗೆ ತೂಗಿದರೂ ನೆಲದ ಮೇಲಿನ ಒತ್ತಡ ನಿಜವಾದದ್ದರ 35ನೇ ಒಂದು ಭಾಗ ಮಾತ್ರ, ಏಕೆಂದರೆ ತೂಕ ಘನದಂತೆ ಕುಗ್ಗಿದರೆ ವಿಸ್ತೀರ್ಣ ವರ್ಗದಂತೆ ಕುಗ್ಗುತ್ತದೆ. ಆದುದರಿಂದ ಕೆಸರಿನಲ್ಲಿ ಹೂತ ಟ್ಯಾಂಕಿನ ದೃಶ್ಯವನ್ನು ನೀವು ಕಂಡರೆ, ಅದು ಮಾದರಿಯ ಭೌತವಿಜ್ಞಾನ ತೋರಿಸಿದ ಸಂಗತಿಯಲ್ಲ, ತಯಾರಿಸಿದವರು ಕೈಯಿಂದ ಬರೆದ ಹೇಳಿಕೆ ಎಂದು ತಿಳಿಯಿರಿ.

ಕಾಲದ ಪರೀಕ್ಷೆ

ಉನ್ನತೀಕರಣಕ್ಕಿಂತ ಕಾಲದಲ್ಲಿ ಹಿಂದಕ್ಕೊಯ್ಯುವುದು ಕಠಿಣ. ಪ್ಯಾಂಥರಿನ ಮೂರು ಮುಖ್ಯ ರೂಪಗಳು ‘ಡಿ’, ‘ಎ’, ‘ಜಿ’, ಬಂದದ್ದೂ ಇದೇ ಕ್ರಮದಲ್ಲಿ. ಅಕ್ಷರಮಾಲೆಯನ್ನು ನಂಬಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ‘ಡಿ’ 1943ರ ಆರಂಭದ್ದು, ‘ಎ’ ಅದೇ ವರ್ಷದ ಉತ್ತರಾರ್ಧದ್ದು, ‘ಜಿ’ 1944ರದು. ‘ಎ’ ಕಿಟ್ಟನ್ನು ‘ಡಿ’ಗೆ ಒಯ್ದು, 1943ರ ಜುಲೈ 5ರಂದು ಕುರ್ಸ್ಕ್ ಕದನದಲ್ಲಿ ಮೊದಲ ಬಾರಿಗೆ ಇಳಿದ ಟ್ಯಾಂಕನ್ನು ತೋರಿಸಬೇಕೆಂಬುದು ಹವ್ಯಾಸಿಗಳ ಸಾಮಾನ್ಯ ಆಸೆ.

ಬದಲಿಸಬೇಕಾದುದು ಏನೇನು? ‘ಎ’ಯಲ್ಲಿ ದಳಪತಿಯ ವೀಕ್ಷಣಾ ಗುಮ್ಮಟ ಪೆರಿಸ್ಕೋಪುಗಳುಳ್ಳ ಎರಕದ ಭಾಗ; ‘ಡಿ’ಯಲ್ಲಿ ಅದು ನೋಟದ ಸೀಳುಗಳಿರುವ ಡಬ್ಬಿಯಂಥ ಕೊಳವೆ. 1943ರ ಕೊನೆಯಲ್ಲಿ ಬಂದ ‘ಎ’ಗಳ ಮುಂಭಾಗದಲ್ಲಿ ಮೆಷಿನ್‌ಗನ್ನಿಗೆ ಗೋಲಾಕಾರದ ಕೀಲಿದೆ, ‘ಡಿ’ಯಲ್ಲಿ ಇದ್ದದ್ದು ಅಂಚೆ ಪೆಟ್ಟಿಗೆಯ ಬಾಯಿಯಂಥ ಮುಚ್ಚಳ. ‘ಡಿ’ಯ ತಿರುಗುಗೋಪುರದ ಎಡಬದಿಯಲ್ಲಿ ದುಂಡು ಕಿಂಡಿಯಿತ್ತು. ಚಕ್ರದ ಅಂಚಿನಲ್ಲಿ ‘ಡಿ’ಗೆ 16 ಬೋಲ್ಟುಗಳು, ಅನಂತರದವಕ್ಕೆ 24. ಹೊಗೆಗುಂಡಿನ ಕೊಳವೆಗಳನ್ನು 1943ರ ಜೂನ್ ಹೊತ್ತಿಗೆ ಕೈಬಿಡಲಾಯಿತು. ‘ಜಿಮ್ಮರಿಟ್’ ಎಂಬ ಗೀರುಗೀರಾದ ಲೇಪವನ್ನು ಕಾರ್ಖಾನೆಗಳು ಬಳಿದದ್ದು 1943ರ ಸೆಪ್ಟೆಂಬರಿನಿಂದ 1944ರ ಸೆಪ್ಟೆಂಬರ್‌ವರೆಗೆ.

ಈ ಲೇಪದ ಬಗ್ಗೆ ಒಂದು ಮಾತು. ಇದನ್ನು ‘ಕಾಂತನಿರೋಧಕ’ ಎನ್ನುವುದುಂಟು. ಬೇರಿಯಂ ಸಲ್ಫೇಟ್, ಅಂಟು, ಮರದ ಹೊಟ್ಟುಗಳ ಆ ಮಿಶ್ರಣ ಕಾಂತಕ್ಷೇತ್ರವನ್ನು ತಡೆಯಲಾರದು. ಅದು ಮಾಡುವುದಿಷ್ಟೆ: ಕಾಂತಕ್ಕೂ ಉಕ್ಕಿಗೂ ನಡುವೆ ಅಂತರ ಉಂಟುಮಾಡುವುದು. ಅಂತರ ಹೆಚ್ಚಿದಂತೆ ಹಿಡಿತ ಥಟ್ಟನೆ ಕುಗ್ಗುತ್ತದೆ, ಅಂಟಿಸಬೇಕೆಂದ ಸಿಡಿಗುಂಡು ಜಾರಿ ಬೀಳುತ್ತದೆ.

ಈಗ ವಿಮರ್ಶೆಯ ತಿರುಳಿಗೆ ಬರೋಣ. ಎರಕದ ಗುಮ್ಮಟವನ್ನು ಬದಲಿಸಿ, ಗೋಲದ ಕೀಲನ್ನು ಹಾಗೇ ಬಿಟ್ಟು, ಸೊಗಸಾದ ಜಿಮ್ಮರಿಟ್ ಬಳಿದು ‘ಕುರ್ಸ್ಕ್, 1943’ ಎಂದು ಚೀಟಿ ಅಂಟಿಸಿದರೆ ಏನಾಯಿತು? ಪ್ರತಿಯೊಂದು ಭಾಗವೂ ಮಿ.ಮೀ. ತಪ್ಪದಂತೆ ನಿಖರ. ಆದರೆ ಅಂಥ ಟ್ಯಾಂಕು ಆ ಜುಲೈನಲ್ಲಿ ಇರಲು ಸಾಧ್ಯವಿರಲಿಲ್ಲ. ಇಲ್ಲಿ ಒಂದು ಏಕಮುಖ ನಿಯಮವಿದೆ: ಹಳೆಯ ಬಿಡಿಭಾಗ ದುರಸ್ತಿಯಲ್ಲಿ ಹೊಸ ಟ್ಯಾಂಕಿಗೆ ಬರಬಹುದು, ಮುಂದೆ ಹುಟ್ಟಲಿರುವ ಭಾಗ ಹಿಂದಿನ ಟ್ಯಾಂಕಿಗೆ ಬರಲಾರದು. 16 ಬೋಲ್ಟಿನ ಚಕ್ರವೊಂದು 1944ರ ಟ್ಯಾಂಕಿನಲ್ಲಿದ್ದರೆ ಅಚ್ಚರಿಯಿಲ್ಲ. 1944ರ ಭಾಗ ಕುರ್ಸ್ಕಿನಲ್ಲಿದ್ದರೆ ಅದು ತಪ್ಪು, ಚರ್ಚೆಗೆ ಎಡೆಯಿಲ್ಲ.

ಸಾಕ್ಷ್ಯಗಳನ್ನೂ ತೂಗಿ ನೋಡಬೇಕು. ದಿನಾಂಕ ಖಚಿತವಿರುವ ಛಾಯಾಚಿತ್ರ ಉತ್ತಮ. ವಸ್ತುಸಂಗ್ರಹಾಲಯದ ಟ್ಯಾಂಕು ಕೂಡ ಕಣ್ಣುಮುಚ್ಚಿ ನಂಬುವಂಥದಲ್ಲ: ಇಂಗ್ಲೆಂಡಿನ ಬೋವಿಂಗ್‌ಟನ್ನಿನಲ್ಲಿರುವ ಪ್ಯಾಂಥರ್ ‘ಜಿ’ಯನ್ನು 1945ರಲ್ಲಿ, ಯುದ್ಧ ಮುಗಿದ ಮೇಲೆ, ಬ್ರಿಟಿಷರ ಉಸ್ತುವಾರಿಯಲ್ಲಿ ಕಾರ್ಖಾನೆಯಲ್ಲಿ ಉಳಿದ ಭಾಗಗಳಿಂದ ಜೋಡಿಸಲಾಯಿತು. ಇನ್ನೊಬ್ಬರ ಮಾದರಿಯನ್ನು ನೋಡಿ ನಕಲು ಮಾಡುವುದಂತೂ ಸಾಕ್ಷ್ಯವೇ ಅಲ್ಲ. ಒಂದೇ ತಪ್ಪು ನಕ್ಷೆಯಿಂದ ಹತ್ತು ಜನ ಮಾಡಿದ ಹತ್ತು ಮಾದರಿಗಳು ಹತ್ತು ಸ್ವತಂತ್ರ ಮಾಪನಗಳಾಗವು. ಅವುಗಳ ಸರಾಸರಿ ತೆಗೆದರೂ ಆ ವ್ಯವಸ್ಥಿತ ದೋಷ ಉಳಿದೇ ಇರುತ್ತದೆ.

ಮಾದರಿ ಹೇಳದ ಮಾತು

ಎಲ್ಲ ಸರಿಮಾಡಿದ ಮೇಲೂ ಒಂದು ಕೊರತೆ ಉಳಿಯುತ್ತದೆ, ನನ್ನ ಮುಖ್ಯ ಆಕ್ಷೇಪ ಅದೇ. ಪ್ಯಾಂಥರನ್ನು ಮೊದಲು ಯೋಚಿಸಿದ್ದು 30 ಟನ್ ದರ್ಜೆಯ ಟ್ಯಾಂಕಾಗಿ. ಕೊನೆಗೆ ಅದು 45 ಟನ್ನಿಗೆ ಬೆಳೆಯಿತು. ಹಲ್ಲುಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೊನೆಯ ಗೇರುಗಳು ಆ ಹೊರೆಗೆ ತಕ್ಕಷ್ಟು ಗಟ್ಟಿಯಾಗಿರಲಿಲ್ಲ. ಎಂಜಿನ್‌ಗಳಿಗೆ ಬೆಂಕಿ ಹತ್ತುತ್ತಿತ್ತು. ಕುರ್ಸ್ಕಿಗೆ ಸುಮಾರು 200 ಪ್ಯಾಂಥರುಗಳು ಬಂದವು. ಕೆಲವೇ ದಿನಗಳಲ್ಲಿ ಶತ್ರುವಿನ ಗುಂಡು, ನೆಲಬಾಂಬುಗಳ ಜೊತೆಗೆ ಯಾಂತ್ರಿಕ ದೋಷಗಳಿಂದಲೂ ಹೆಚ್ಚಿನವು ನಿಂತುಹೋದವು. ಒಂದೊಂದರೊಳಗೂ ಐದು ಜನರಿದ್ದರು. ಅದರ ನಳಿಕೆಯ ಎದುರಿನಲ್ಲೂ ಜನರಿದ್ದರು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಟ್ಯಾಂಕು ಎಂದೂ ಕೆಟ್ಟು ನಿಂತಿರುವುದಿಲ್ಲ. 1943ರ ಜುಲೈಗೆ ಹಿಂದಕ್ಕೊಯ್ಯುವುದೆಂದರೆ ಈ ವೈಫಲ್ಯಕ್ಕೂ ಹಿಂದಕ್ಕೊಯ್ಯುವುದು. ಗುಮ್ಮಟವನ್ನು ಸರಿಪಡಿಸಿ ಈ ಮಾತನ್ನು ಬಿಟ್ಟ ಮಾದರಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಹಾಗಾದರೆ ಹಳೆಯ ಕಿಟ್ಟನ್ನು ತಿದ್ದುವುದು ಸಾರ್ಥಕವೆ? ಇಂದು ‘ಡಿ’ ರೂಪದ ಹೊಸ ಅಚ್ಚುಗಳೇ ದೊರೆಯುತ್ತವೆ. ಲೋಹದ ನಳಿಕೆ, ಹಿತ್ತಾಳೆ ತಗಡು, ಬಿಡಿ ಕೊಂಡಿಗಳನ್ನು ಕೊಂಡು ಹಳೆಯದಕ್ಕೆ ತೊಡಿಸಿದರೆ ಖರ್ಚು ಕಿಟ್ಟಿನ ಬೆಲೆಯನ್ನೇ ಮೀರಬಹುದು. ಕೊಂಡು ತಂದ ನಿಖರತೆ ಜ್ಞಾನವಾಗುವುದಿಲ್ಲ. ಆದರೆ ತೂತನ್ನು ಏಕೆ ಮುಚ್ಚಿದೆ, ಈ ಕೋನವನ್ನು ಯಾವುದರಿಂದ ಅಳೆದೆ, ಈ ಕಿಂಡಿ ಆ ತಿಂಗಳಲ್ಲಿತ್ತು ಎಂದು ಹೇಗೆ ಗೊತ್ತು ಎಂದು ಕೇಳಿಕೊಳ್ಳುತ್ತ ತುಂಡು ಪ್ಲಾಸ್ಟಿಕ್ಕಿನಿಂದ ಮಾಡಿದ ತಿದ್ದುಪಡಿ, ನೋಟಕ್ಕೆ ಒರಟಾದರೂ, ಒಳ್ಳೆಯ ಪ್ರಯೋಗ. ಮೋಟಾರು ಇನ್ನೂ ಓಡುತ್ತಿದ್ದರೆ ಅದನ್ನು ಕಿತ್ತುಹಾಕಬೇಡಿ ಎಂಬುದು ನನ್ನ ಸಲಹೆ. ಗೇರುಗಳ ಅನುಪಾತ ಕಲಿಸಲು ಅದು ಹೊಸ ಕಿಟ್ಟಿಗಿಂತ ಮೇಲು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನಾವು ಹೆಚ್ಚಾಗಿ ಬಣ್ಣಕ್ಕೆ, ಮಿನುಗುವ ದೀಪಕ್ಕೆ ಅಂಕ ಕೊಡುತ್ತೇವೆ. ಮುಂದಿನ ಸಲ, ಅದು ಟ್ಯಾಂಕಾಗಲಿ, ಅಣೆಕಟ್ಟಾಗಲಿ, ಪರಮಾಣುವಾಗಲಿ, ಮಾದರಿಯ ಪಕ್ಕದಲ್ಲಿ ಒಂದು ಚೀಟಿ ಕೇಳಿ. ಅದರಲ್ಲಿ ನಾಲ್ಕು ಉತ್ತರಗಳಿರಲಿ: ಪ್ರಮಾಣ ಯಾವುದು ಮತ್ತು ಅಳತೆಯ ಆಧಾರವೇನು? ಇದು ಯಾವ ಕಾಲದ ರೂಪ? ಇದರಲ್ಲಿ ಯಾವ ಗುಣ ನಿಜದಂತೆ ಕುಗ್ಗಿದೆ, ಯಾವುದು ಕುಗ್ಗಿಲ್ಲ? ಇದು ಏನನ್ನು ತೋರಿಸುವುದಿಲ್ಲ? ನಾಲ್ಕನೆಯದನ್ನು ಸರಿಯಾಗಿ ಬರೆದ ವಿದ್ಯಾರ್ಥಿಯ ಮಾದರಿಯಲ್ಲಿ ಗೋಂದಿನ ಕಲೆಯಿದ್ದರೂ ಮೊದಲ ಬಹುಮಾನ ಅವರಿಗೇ ಕೊಡಿ.